ಸಚಿವರು ಜಾರಿಕೊಳ್ಳಲಾಗದಂತೆ ಪ್ರಶ್ನೆ ಬರೆಯುವುದು

ಸದನದ ಪ್ರಶ್ನೋತ್ತರ ಅಂದರೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಗದ್ದಲ. ಎದ್ದು ನಿಂತ ಸದಸ್ಯರು, ಕುಳಿತುಕೊಳ್ಳಿ ಎನ್ನುವ ಸ್ಪೀಕರ್, ಟೀವಿಯಲ್ಲಿ ಅದೇ ಅರ್ಧ ನಿಮಿಷದ ತುಣುಕು ಮತ್ತೆ ಮತ್ತೆ. ನಾನು ಮೊದಲು ಇಲಾಖೆಯೊಳಗೆ ಕೂತು ಸಚಿವರಿಗೆ ಉತ್ತರ ಬರೆದುಕೊಡುತ್ತಿದ್ದೆ. ಈಗ ಸದಸ್ಯರಿಗೆ ಪ್ರಶ್ನೆ ಬರೆದುಕೊಡುತ್ತೇನೆ. ಎರಡೂ ಕಡೆ ಕೆಲಸ ಮಾಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಸಚಿವರು ಉತ್ತರ ಕೊಡುತ್ತಾರೋ, ಜಾರಿಕೊಳ್ಳುತ್ತಾರೋ ಎಂಬುದು ಪ್ರಶ್ನೆ ಬರೆದ ದಿನವೇ ಬಹುಪಾಲು ತೀರ್ಮಾನವಾಗಿರುತ್ತದೆ.

ವ್ಯವಸ್ಥೆ ಹೇಗಿದೆ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಲೋಕಸಭೆಯಲ್ಲಿ ಕಲಾಪದ ಮೊದಲ ಗಂಟೆ ಪ್ರಶ್ನೆಗಳಿಗೆ ಮೀಸಲು. ರಾಜ್ಯಸಭೆಯಲ್ಲಿ 2014ರಿಂದ ಅದು ಮಧ್ಯಾಹ್ನ 12ಕ್ಕೆ. ಸದಸ್ಯರು ಸಾಮಾನ್ಯವಾಗಿ 15 ದಿನ ಮೊದಲೇ ಬರಹದಲ್ಲಿ ನೋಟಿಸ್ ಕೊಡಬೇಕು. ಯಾವ ಪ್ರಶ್ನೆಗೆ ಮೊದಲ ಸ್ಥಾನ ಎಂಬುದನ್ನು ಚೀಟಿ ಎತ್ತಿದಂತೆ ನಿಗದಿ ಮಾಡುತ್ತಾರೆ. ಲೋಕಸಭೆಯಲ್ಲಿ ದಿನಕ್ಕೆ 20 ಪ್ರಶ್ನೆಗಳಿಗೆ ಚುಕ್ಕೆ ಗುರುತು ಬೀಳುತ್ತದೆ. ಇವಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಸದಸ್ಯರು ಉಪಪ್ರಶ್ನೆ ಕೇಳಬಹುದು. ಇನ್ನು 230 ಪ್ರಶ್ನೆಗಳಿಗೆ ಲಿಖಿತ ಉತ್ತರ ಮಾತ್ರ. ಆ 20ರಲ್ಲೂ ಒಂದು ಗಂಟೆಯಲ್ಲಿ ಮುಗಿಯುವುದು ಕೆಲವೇ ಕೆಲವು. 2019ರ ನವೆಂಬರ್ 27ರಂದು 20 ಪ್ರಶ್ನೆಗಳೂ ಚರ್ಚೆಗೆ ಬಂದಾಗ ಅದೇ ಸುದ್ದಿಯಾಯಿತು. 1972ರ ನಂತರ ಹಾಗಾಗಿರಲಿಲ್ಲ.

ಹಾಗಾಗಿ ನಾನು ಸದಸ್ಯರಿಗೆ ಹೇಳುವ ಮೊದಲ ಮಾತು, ಮಾತಾಡಲು ಅವಕಾಶ ಸಿಕ್ಕೇ ಸಿಗುತ್ತದೆ ಅಂತ ನಂಬಿಕೊಂಡು ಪ್ರಶ್ನೆ ಬರೆಯಬೇಡಿ. ನೀವು ಬಾಯಿ ತೆರೆಯದಿದ್ದರೂ ಕಾಗದದ ಮೇಲೆ ಅದು ತನ್ನ ಕೆಲಸ ಮಾಡುವಂತಿರಬೇಕು.

ಕಾಗದದ ಮೇಲೆ ಪ್ರಶ್ನೆ ಏನು ಕೆಲಸ ಮಾಡುತ್ತದೆ? ಇದು ಹೊರಗಿನವರಿಗೆ ಕಾಣುವುದಿಲ್ಲ. ಪ್ರಶ್ನೆ ಇಲಾಖೆಗೆ ಬಂದ ಕೂಡಲೇ ಸಂಬಂಧಪಟ್ಟ ಶಾಖೆಗೆ ಹೋಗುತ್ತದೆ. ಅಲ್ಲಿಂದ ಕೆಳಗಿನ ಕಚೇರಿಗಳಿಗೆಲ್ಲ ತುರ್ತು ಪತ್ರ, ಫೋನು. ಅಂಕಿಅಂಶ ತರಿಸಬೇಕು, ಹಳೇ ಕಡತ ತೆಗೆಯಬೇಕು, ಕಳೆದ ಅಧಿವೇಶನದಲ್ಲಿ ಇದೇ ವಿಷಯಕ್ಕೆ ಏನು ಹೇಳಿದ್ದೆವು ಅಂತ ನೋಡಬೇಕು. ಕರಡು ಉತ್ತರ ಒಬ್ಬೊಬ್ಬ ಅಧಿಕಾರಿಯ ಸಹಿಯಾಗಿ ಕಾರ್ಯದರ್ಶಿಯ ತನಕ ಏರಿ ಕೊನೆಗೆ ಸಚಿವರ ಒಪ್ಪಿಗೆಗೆ ಹೋಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಇನ್ನೂ ಜಾಸ್ತಿ ಕೆಲಸ. ಯಾವ ಉಪಪ್ರಶ್ನೆ ಬರಬಹುದು, ಅದಕ್ಕೇನು ಉತ್ತರ ಅಂತ ದಪ್ಪ ಟಿಪ್ಪಣಿ ಸಿದ್ಧವಾಗುತ್ತದೆ. ಸದನ ನಡೆಯುವಾಗ ಅಧಿಕಾರಿಗಳು ತಮ್ಮ ಗ್ಯಾಲರಿಯಲ್ಲಿ ಕೂತು ಬೇಕಾದರೆ ಚೀಟಿ ಕಳಿಸುತ್ತಾರೆ.

ಇಲಾಖೆ ಅದುವರೆಗೆ ಎಣಿಸದೇ ಬಿಟ್ಟಿದ್ದನ್ನು ಎಣಿಸತೊಡಗುವುದು ಎಷ್ಟೋ ಸಲ ಪ್ರಶ್ನೆ ಬಂದ ಮೇಲೆಯೇ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಕಡತ ಮೇಜಿಗೆ ಬರುತ್ತದೆ. ಉತ್ತರ ಬರೆಯುವ ದಿನಕ್ಕೆ 'ಆದೇಶ ಹೊರಡಿಸಲಾಗಿದೆ' ಅಂತ ಬರೆಯಲು ಆಗಲಿ ಎಂದೇ ಆ ವಾರದಲ್ಲಿ ಆದೇಶ ಹೊರಟಿದ್ದನ್ನು ಕಂಡಿದ್ದೇನೆ. ಪ್ರಶ್ನೆಗೆ ಸದನದಲ್ಲಿ ಸರದಿ ಬರಲಿಲ್ಲ ಅಂತ ಸದಸ್ಯರು ಬೇಸರದಲ್ಲಿರುತ್ತಾರೆ. ಅಷ್ಟು ಹೊತ್ತಿಗೆ ಕೆಲಸ ಆಗಿಬಿಟ್ಟಿರುತ್ತದೆ.

ಆದರೆ ಎಲ್ಲ ಪ್ರಶ್ನೆಗೂ ಈ ಶಕ್ತಿ ಇರುವುದಿಲ್ಲ. ಸುಮ್ನೆ ಒಂದು ಮಾದರಿ ನೋಡಿ. ನನ್ನ ಬಳಿ ಬರುವ ಕರಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೇ ಇರುತ್ತವೆ:

(ಅ) ಸರ್ಕಾರಿ ಆಸ್ಪತ್ರೆಗಳಲ್ಲಿ ತಜ್ಞ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?
(ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?

ಇದಕ್ಕೆ ಉತ್ತರ ಬರೆಯಲು ಇಲಾಖೆಗೆ ಐದು ನಿಮಿಷ ಸಾಕು. (ಅ) ಬಂದಿದೆ. (ಆ) ಖಾಲಿ ಹುದ್ದೆಗಳನ್ನು ಹಂತ ಹಂತವಾಗಿ ಭರ್ತಿ ಮಾಡಲು ಕ್ರಮ ವಹಿಸಲಾಗುತ್ತಿದೆ. ಇಲ್ಲಿ ಸುಳ್ಳಿಲ್ಲ, ಮಾಹಿತಿಯೂ ಇಲ್ಲ. ಮುಂದಿನ ವರ್ಷ ಇದೇ ಪ್ರಶ್ನೆ ಕೇಳಿದರೆ ಇದೇ ಉತ್ತರ ಮತ್ತೆ ಬರುತ್ತದೆ.

ಅದನ್ನೇ ನಾನು ತಿದ್ದುವುದು ಹೀಗೆ. ಮಂಜೂರಾದ ತಜ್ಞ ವೈದ್ಯರ ಹುದ್ದೆ ಎಷ್ಟು, ಖಾಲಿ ಎಷ್ಟು, ಆಸ್ಪತ್ರೆವಾರು ಕೊಡಿ. ಅದರಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಖಾಲಿ ಇರುವುದೆಷ್ಟು? ಭರ್ತಿಯ ಪ್ರಸ್ತಾವನೆ ಆರ್ಥಿಕ ಇಲಾಖೆಗೆ ಹೋದ ದಿನಾಂಕ ಯಾವುದು, ಅಲ್ಲಿಂದ ಮರಳಿದ ದಿನಾಂಕ ಯಾವುದು? ಈಗ ಕಡತ ಯಾರ ಹಂತದಲ್ಲಿದೆ?

ದಿನಾಂಕ ಕೇಳುವುದರ ಬಲವನ್ನು ಬಹಳ ಜನ ಗಮನಿಸುವುದಿಲ್ಲ. ಎಷ್ಟು ಅಂತ ಕೇಳಿದರೆ ಸಮಸ್ಯೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಯಾವತ್ತು ಅಂತ ಕೇಳಿದರೆ ಅದು ಎಲ್ಲಿ ನಿಂತಿದೆ ಅಂತ ಗೊತ್ತಾಗುತ್ತದೆ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರದ ಪಕ್ಕದಲ್ಲಿ 14 ತಿಂಗಳ ಹಿಂದಿನ ದಿನಾಂಕ ಇದ್ದರೆ ಬೇರೆ ಟೀಕೆಯೇ ಬೇಕಾಗುವುದಿಲ್ಲ.

ನಿಯಮಗಳೂ ಈ ದಾರಿಗೇ ತಳ್ಳುತ್ತವೆ. ಲೋಕಸಭೆಯ ನಿಯಮದಂತೆ ಪ್ರಶ್ನೆ 150 ಪದ ಮೀರಬಾರದು. ಅದರಲ್ಲಿ ವಾದ, ಊಹೆ, ವ್ಯಂಗ್ಯ, ಆರೋಪ ಇರಬಾರದು. ಸಚಿವರ ಅಭಿಪ್ರಾಯ ಕೇಳುವಂತಿಲ್ಲ, 'ಹೀಗಾದರೆ ಏನು ಮಾಡುತ್ತೀರಿ' ಅನ್ನುವಂತಿಲ್ಲ. ನ್ಯಾಯಾಲಯದಲ್ಲಿರುವ ವಿಷಯ ಕೂಡದು, ಈಗಾಗಲೇ ಉತ್ತರಿಸಿದ್ದನ್ನು ಮತ್ತೆ ಕೇಳಕೂಡದು. ಹೊಸ ಸದಸ್ಯರಿಗೆ ಇದು ಬಾಯಿ ಕಟ್ಟಿದಂತೆ ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ಆರೋಪವನ್ನು ತಳ್ಳಿಹಾಕುವುದು ಸುಲಭ. ಸಂಖ್ಯೆಯನ್ನು ತಳ್ಳಿಹಾಕಬೇಕಾದರೆ ಇನ್ನೊಂದು ಸಂಖ್ಯೆ ಬೇಕಾಗುತ್ತದೆ.

ಇಲಾಖೆಗೆ ಇನ್ನೊಂದು ಬಾಗಿಲಿದೆ: 'ಉದ್ಭವಿಸುವುದಿಲ್ಲ'. ಒಂದು ಭಾಗಕ್ಕೆ 'ಇಲ್ಲ' ಎಂದುಬಿಟ್ಟರೆ ಅದಕ್ಕೆ ನೇತುಹಾಕಿದ ಉಳಿದೆಲ್ಲ ಭಾಗಗಳೂ ಒಟ್ಟಿಗೆ ಬಿದ್ದುಹೋಗುತ್ತವೆ. 2020ರ ಸೆಪ್ಟೆಂಬರ್‌ನಲ್ಲಿ ಇದು ದೇಶಕ್ಕೇ ಕಂಡಿತು. ಲಾಕ್‌ಡೌನ್ ಹೊತ್ತಿನಲ್ಲಿ ಊರಿಗೆ ಮರಳುವಾಗ ಎಷ್ಟು ವಲಸೆ ಕಾರ್ಮಿಕರು ಸತ್ತರು, ಅವರ ಕುಟುಂಬಗಳಿಗೆ ಪರಿಹಾರ ಕೊಟ್ಟಿದ್ದೀರಾ ಅಂತ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಕಾರ್ಮಿಕ ಸಚಿವಾಲಯ ಅಂಥ ಅಂಕಿಅಂಶ ಇಟ್ಟಿಲ್ಲ ಎಂದಿತು. ಹಾಗಾಗಿ ಪರಿಹಾರದ ಪ್ರಶ್ನೆಯೂ ಉದ್ಭವಿಸುವುದಿಲ್ಲ ಎಂದು ಸೇರಿಸಿತು. ಅದೇ ವಾರ ರಾಜ್ಯಸಭೆಯಲ್ಲಿ ಇನ್ನೊಂದು ಪ್ರಶ್ನೆ ರೈಲ್ವೆ ಸಚಿವಾಲಯಕ್ಕೆ ಹೋಗಿತ್ತು. ಶ್ರಮಿಕ್ ವಿಶೇಷ ರೈಲುಗಳಲ್ಲಿ ಪ್ರಯಾಣಿಸುವಾಗ ಸತ್ತವರು ಎಷ್ಟು? ಉತ್ತರ ಬಂತು. ರಾಜ್ಯಗಳ ಪೊಲೀಸರು ಕೊಟ್ಟ ಮಾಹಿತಿಯಂತೆ, ಸೆಪ್ಟೆಂಬರ್ 9ರವರೆಗೆ 97 ಜನ.

ಎರಡನೆಯ ಪ್ರಶ್ನೆ ಚಿಕ್ಕದು. ನಡೆದುಹೋದವರು, ಲಾರಿಯಲ್ಲಿ ಹೋದವರು ಅದರಲ್ಲಿ ಬರುವುದಿಲ್ಲ. ಆದರೆ ಅದು ಕೇಳಿದ್ದು ಒಂದು ಇಲಾಖೆಯ ಕೈಯಲ್ಲಿ ನಿಜಕ್ಕೂ ಇರುವ ದಾಖಲೆಯನ್ನು. ಯಾವ ದಾಖಲೆ ಯಾರ ಕಚೇರಿಯಲ್ಲಿ ಹುಟ್ಟುತ್ತದೆ ಅಂತ ತಿಳಿದುಕೊಳ್ಳುವುದು ನಮ್ಮ ಕೆಲಸದ ಅರ್ಧಭಾಗ. ಅಪಘಾತದ ಲೆಕ್ಕ ಪೊಲೀಸರ ಬಳಿ ಒಂದು ರೀತಿ, ಆಸ್ಪತ್ರೆಯ ಬಳಿ ಇನ್ನೊಂದು ರೀತಿ ಇರುತ್ತದೆ. ಇಬ್ಬರನ್ನೂ ಕೇಳಬೇಕು. ಎರಡು ಉತ್ತರ ಹೊಂದದೇ ಹೋದರೆ ಮೂರನೆಯ ಪ್ರಶ್ನೆ ಅಲ್ಲೇ ಸಿಕ್ಕಿತು.

ಆ ಅಧಿವೇಶನದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಕೋವಿಡ್ ಕಾರಣಕ್ಕೆ ಆಗ ಪ್ರಶ್ನೋತ್ತರ ವೇಳೆಯೇ ಇರಲಿಲ್ಲ, ಲಿಖಿತ ಉತ್ತರ ಮಾತ್ರ ಇತ್ತು. 'ಅಂಕಿಅಂಶ ಇಟ್ಟಿಲ್ಲ' ಅಂದಾಗ 'ಏಕೆ ಇಟ್ಟಿಲ್ಲ? ಈಗಲಾದರೂ ಸಂಗ್ರಹಿಸುತ್ತೀರಾ?' ಅಂತ ಅಲ್ಲೇ ಎದ್ದು ಕೇಳುವ ಅವಕಾಶ ಯಾವ ಸದಸ್ಯರಿಗೂ ಸಿಗಲಿಲ್ಲ. ಉಪಪ್ರಶ್ನೆ ಇಲ್ಲದಿದ್ದರೆ ಏನು ಕಳೆದುಹೋಗುತ್ತದೆ ಅಂತ ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಉಪಪ್ರಶ್ನೆಯ ಕಲೆ ಬೇರೆಯದೇ. ಕೇಳಿದ ಸದಸ್ಯರಿಗೆ ಸಾಮಾನ್ಯವಾಗಿ ಎರಡು ಅವಕಾಶ. ಹೆಚ್ಚಿನವರು ಅದನ್ನು ಭಾಷಣಕ್ಕೆ ಖರ್ಚು ಮಾಡುತ್ತಾರೆ. ಎರಡು ನಿಮಿಷ ಮಾತಾಡಿ ಕೊನೆಗೆ ಮೂರು ಪ್ರಶ್ನೆ ಒಟ್ಟಿಗೆ ಎಸೆಯುತ್ತಾರೆ. ಸಚಿವರು ಮೂರರಲ್ಲಿ ಸುಲಭವಾದದ್ದನ್ನು ಎತ್ತಿಕೊಂಡು ಉತ್ತರಿಸಿ ಕೂರುತ್ತಾರೆ. ಸ್ಪೀಕರ್ ಮುಂದಿನವರನ್ನು ಕರೆಯುತ್ತಾರೆ. ಮುಗಿಯಿತು. ನಾನು ಸದಸ್ಯರಿಗೆ ಹೇಳುವುದು, ಬರೆದುಕೊಂಡು ಬಂದ ಉಪಪ್ರಶ್ನೆಯನ್ನು ಓದಬೇಡಿ. ಸಚಿವರು ಏನು ಹೇಳದೇ ಬಿಟ್ಟರು ಅಂತ ಕೇಳಿಸಿಕೊಳ್ಳಿ. ಒಂದೇ ವಾಕ್ಯ. ಸಾಧ್ಯವಾದರೆ ಹೌದು-ಇಲ್ಲ ಎಂದೇ ಹೇಳಬೇಕಾದ ವಾಕ್ಯ.

ಹಿಡಿದ ಪ್ರಶ್ನೆಯನ್ನು ಬಿಡದೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ 1957ರ ಜೀವ ವಿಮಾ ನಿಗಮದ ಪ್ರಕರಣ ಇವತ್ತಿಗೂ ಪಾಠದಂತಿದೆ. 1956ರಲ್ಲಿ ಹುಟ್ಟಿದ ನಿಗಮ ಮರುವರ್ಷವೇ ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರುಗಳಿಗೆ ಸುಮಾರು ಒಂದೂಕಾಲು ಕೋಟಿ ರೂಪಾಯಿ ಹಾಕಿತು. ಲೋಕಸಭೆಯಲ್ಲಿ ಪ್ರಶ್ನೆ ಬಂತು. ಸಿಕ್ಕ ಉತ್ತರದಿಂದ ಸಮಾಧಾನವಾಗಲಿಲ್ಲ, ಮತ್ತೆ ಪ್ರಶ್ನೆ ಬಂತು. ಡಿಸೆಂಬರ್‌ನಲ್ಲಿ ಫಿರೋಜ್ ಗಾಂಧಿ ವಿಷಯವನ್ನು ಚರ್ಚೆಗೆ ತಂದು ವಿವರಗಳನ್ನು ಒಂದೊಂದಾಗಿ ಸದನದ ಮುಂದಿಟ್ಟರು. ಅವರು ಆಡಳಿತ ಪಕ್ಷದವರು, ಪ್ರಧಾನಿಯ ಅಳಿಯ. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಬಹಿರಂಗ ವಿಚಾರಣೆ ನಡೆಸಿದರು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಮೊದಲ ಪ್ರಶ್ನೆಯಿಂದ ರಾಜೀನಾಮೆಗೆ ಆರೇ ತಿಂಗಳು.

ಆಡಳಿತ ಪಕ್ಷದವರು ಪ್ರಶ್ನೆ ಕೇಳುವುದನ್ನು ನಾವು ಹಗುರವಾಗಿ ನೋಡುತ್ತೇವೆ ಅಲ್ವಾ? ಸಚಿವರನ್ನು ಹೊಗಳಲು ಹೇಳಿಸಿ ಕೇಳಿಸಿದ ಪ್ರಶ್ನೆಗಳು ಖಂಡಿತ ಇವೆ. ಆದರೆ ಸ್ವಂತ ಪಕ್ಷದ ಸದಸ್ಯರು ಗಂಭೀರವಾಗಿ ಕೇಳಿದಾಗ ಇಲಾಖೆ ಎಷ್ಟು ಎಚ್ಚರವಾಗುತ್ತದೆ ಎಂಬುದು ಒಳಗಿದ್ದವರಿಗೆ ಗೊತ್ತು. ವಿರೋಧ ಪಕ್ಷದ ಪ್ರಶ್ನೆಯನ್ನು ರಾಜಕೀಯ ಅಂತ ಪಕ್ಕಕ್ಕಿಡಬಹುದು. ಇದನ್ನು ಇಡಲಾಗುವುದಿಲ್ಲ.

ಇಲಾಖೆಯ ಕೆಲಸದ ಬಗ್ಗೆ ಕೇಳುವುದು ಒಂದಾದರೆ ನೀತಿಯ ಬಗ್ಗೆ ಕೇಳುವುದು ಇನ್ನೊಂದು. ನೀತಿ ಸರಿಯೋ ತಪ್ಪೋ ಅಂತ ಕೇಳಿದರೆ ಅಭಿಪ್ರಾಯ ಕೇಳಿದಂತೆ, ಪ್ರಶ್ನೆ ತಿರಸ್ಕಾರವಾಗುತ್ತದೆ. ಬದಲಿಗೆ ನೀತಿಯ ಅಡಿಪಾಯ ಕೇಳಬೇಕು. ಯಾವ ಅಧ್ಯಯನದ ಮೇಲೆ ಈ ತೀರ್ಮಾನ? ಗುರಿ ಎಷ್ಟು, ಗಡುವು ಯಾವಾಗ? ಮೌಲ್ಯಮಾಪನ ಆಗಿದೆಯೇ, ವರದಿಯನ್ನು ಸದನದ ಮುಂದಿಡುತ್ತೀರಾ? ಬ್ರಿಟನ್ನಿನಲ್ಲಿ 2018ರ ಏಪ್ರಿಲ್‌ನಲ್ಲಿ ಗೃಹ ಸಚಿವೆ ಆ್ಯಂಬರ್ ರಡ್ ಸಂಸದೀಯ ಸಮಿತಿಯ ಮುಂದೆ ಹಾಜರಾಗಿದ್ದರು. ಅಕ್ರಮ ವಲಸಿಗರನ್ನು ಹೊರಹಾಕಲು ಸಂಖ್ಯೆಯ ಗುರಿ ನಿಗದಿಯಾಗಿದೆಯೇ ಅಂತ ಅಲ್ಲಿ ಕೇಳಿದರು. ಇಲ್ಲ ಎಂದರು. ಗುರಿ ಇದ್ದದ್ದು ಕೆಲವೇ ದಿನಗಳಲ್ಲಿ ದಾಖಲೆ ಸಮೇತ ಹೊರಬಂತು. ಆ ತಿಂಗಳು ಮುಗಿಯುವ ಮೊದಲೇ ಅವರು ಹುದ್ದೆ ಬಿಟ್ಟರು. ವಲಸೆ ನೀತಿ ಮಾನವೀಯವೇ ಅಂತ ಕೇಳಿದ್ದರೆ ಅರ್ಧ ಗಂಟೆ ಮಾತು ನಡೆಯುತ್ತಿತ್ತು, ಅಷ್ಟೇ.

ಸಮಿತಿಯಲ್ಲಿ ಸಮಯ ಇರುತ್ತದೆ, ಎದುರಿಗೆ ಕೂತವರನ್ನು ಐದಾರು ಸಲ ಅದೇ ವಿಷಯಕ್ಕೆ ಎಳೆದು ತರಬಹುದು. ಭಾರತದಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳ ಮುಂದೆ ಸಾಮಾನ್ಯವಾಗಿ ಬರುವುದು ಅಧಿಕಾರಿಗಳು, ಸಚಿವರಲ್ಲ. ಸಚಿವರೂ ಬಂದು ಉತ್ತರಿಸುವಂತಾಗಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ನೀತಿ ಮಾಡಿದವರನ್ನು ಬಿಟ್ಟು ಜಾರಿ ಮಾಡುವವರನ್ನಷ್ಟೇ ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ.

ಇನ್ನು, ಉತ್ತರ ಬಂದ ಮೇಲಿನ ಕೆಲಸ. ಇಲ್ಲೇ ಹೆಚ್ಚಿನ ಪ್ರಶ್ನೆಗಳು ಅನಾಥವಾಗುತ್ತವೆ. 'ಪರಿಶೀಲಿಸಲಾಗುವುದು', 'ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು' ಅಂತ ಸಚಿವರು ಹೇಳಿದರೆ ಅದನ್ನು ಬರೀ ಮಾತು ಅಂತ ಬಿಟ್ಟುಬಿಡಬಾರದು. ಅದು ಭರವಸೆ ಅಂತ ದಾಖಲಾಗುತ್ತದೆ. ಲೋಕಸಭೆಯಲ್ಲಿ ಇದಕ್ಕಾಗಿಯೇ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ಯಾವ ಯಾವ ಮಾತು ಭರವಸೆ ಎನಿಸಿಕೊಳ್ಳುತ್ತದೆ ಎಂಬ ಪಟ್ಟಿಯೂ ಇದೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಆಗದಿದ್ದರೆ ಕಾರಣ ಕೊಟ್ಟು ಸಮಯ ಕೇಳಬೇಕು. ವರ್ಷಗಟ್ಟಲೆ ಬಾಕಿ ಉಳಿದ ಭರವಸೆಗಳು ಬೇಕಾದಷ್ಟಿವೆ ನಿಜ. ಆದರೂ ಸಮಿತಿ ಕಾರ್ಯದರ್ಶಿಯನ್ನೇ ಕರೆಸಿ ಕೇಳಬಹುದು ಎಂಬ ಕಾರಣಕ್ಕೆ ಇಲಾಖೆ ಅದನ್ನು ಮರೆಯುವಂತಿಲ್ಲ. ನಾನು ಪ್ರತಿ ಸದಸ್ಯರಿಗೂ ಒಂದು ಪುಸ್ತಕ ಇಟ್ಟುಕೊಳ್ಳಲು ಹೇಳುತ್ತೇನೆ: ಯಾವ ದಿನ, ಯಾವ ಸಚಿವರು, ಏನು ಹೇಳಿದರು, ಮೂರು ತಿಂಗಳು ಯಾವತ್ತಿಗೆ ತುಂಬುತ್ತದೆ. ಆ ದಿನಾಂಕಕ್ಕೆ ಹೊಸ ಪ್ರಶ್ನೆ ಸಿದ್ಧವಾಗಿರಲಿ.

ಪ್ರಶ್ನೆ ಕೇಳುವ ಹಕ್ಕಿಗೆ ಕಳಂಕ ತಂದವರೂ ಇದ್ದಾರೆ. 1951ರಲ್ಲಿ ಎಚ್.ಜಿ. ಮುದ್ಗಲ್ ಒಂದು ವ್ಯಾಪಾರಿ ಸಂಘದಿಂದ ಹಣ ಪಡೆದು ಅವರ ಪರ ಪ್ರಶ್ನೆ ಕೇಳಿದ ಪ್ರಕರಣದಲ್ಲಿ ಸದಸ್ಯತ್ವ ಕಳೆದುಕೊಂಡರು. 2005ರ ಡಿಸೆಂಬರ್‌ನಲ್ಲಿ ಇಂಥದೇ ಕಾರಣಕ್ಕೆ ಎರಡೂ ಸದನಗಳಿಂದ ಒಟ್ಟು 11 ಸಂಸದರು ಉಚ್ಚಾಟನೆಯಾದರು. ಹಣ ಕೊಟ್ಟಾದರೂ ಪ್ರಶ್ನೆ ಕೇಳಿಸಲು ಹೊರಟವರಿಗೆ ಅದರ ಶಕ್ತಿ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದಿರುವುದು ಮತದಾರರಿಗೆ, ಎಷ್ಟೋ ಸಲ ಸದಸ್ಯರಿಗೂ.

ಸಂಸತ್ತಿನ ಎರಡೂ ಸದನಗಳ ಪ್ರಶ್ನೋತ್ತರಗಳು ಅವುಗಳ ಜಾಲತಾಣಗಳಲ್ಲಿ ಸಿಗುತ್ತವೆ, ಯಾರು ಬೇಕಾದರೂ ಓದಬಹುದು. ನಿಮಗೆ ಗೊತ್ತಿರುವ ಒಂದು ವಿಷಯ ತೆಗೆದುಕೊಳ್ಳಿ. ಮೂರು ವರ್ಷದ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸಂಖ್ಯೆ ಬದಲಾಗಿದೆಯೇ, ಬರೀ ಪದ ಬದಲಾಗಿದೆಯೇ, ಅದೂ ಇಲ್ಲವೇ? ಎಲ್ಲಿ ಉತ್ತರ ನಿಂತಿದೆಯೋ ಅಲ್ಲಿಂದ ಒಂದು ಪ್ರಶ್ನೆ ಬರೆದು ನಿಮ್ಮ ಪ್ರತಿನಿಧಿಗೆ ಕಳಿಸಿ. ಮೂರು ಭಾಗ ಸಾಕು, ಒಂದರಲ್ಲಿ ಸಂಖ್ಯೆ, ಒಂದರಲ್ಲಿ ದಿನಾಂಕ ಕೇಳಿರಲಿ, ಯಾವ ಭಾಗವೂ ಇನ್ನೊಂದಕ್ಕೆ ನೇತುಬಿದ್ದಿರದಿರಲಿ. ಅಧಿವೇಶನ ಶುರುವಾದ ಮೇಲೆ ಕಳಿಸಿದರೆ ತಡವಾಗುತ್ತದೆ. ನೋಟಿಸಿಗೆ 15 ದಿನ ಬೇಕು, ಸದಸ್ಯರಿಗೆ ಓದಿ ತಿದ್ದಲು ಇನ್ನೊಂದು ವಾರ ಬೇಕು.