ಟ್ರ್ಯಾಕ್ ಡೇಗೆ ಯಾವ ಕೂಲಂಟ್? ಮೊದಲು ಮುಚ್ಚಳ ನೋಡಿ

ಸ್ವಂತ ಕಾರನ್ನು ರೇಸ್ ಟ್ರ್ಯಾಕ್ ಮೇಲೆ ಓಡಿಸುವ ಟ್ರ್ಯಾಕ್ ಡೇಗಾಗಿ ಬೆಂಗಳೂರಿನಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟೈನ ಮದ್ರಾಸ್ ಸರ್ಕ್ಯೂಟ್‌ಗೆ ಹೋಗುವವರು ಹೊರಡುವ ವಾರ ಕೇಳುವ ಪ್ರಶ್ನೆ ಒಂದೇ. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಯಾವ ಬ್ರ್ಯಾಂಡಿನದು ಹಾಕಲಿ? ರೇಸಿಂಗ್ ಅಂತ ಬರೆದಿರುವ ದುಬಾರಿ ಡಬ್ಬಿ ತಗೊಂಡರೆ ಎಷ್ಟು ಡಿಗ್ರಿ ಇಳಿಯುತ್ತದೆ? ನನ್ನ ಉತ್ತರ ಕೇಳಿ ಹಲವರಿಗೆ ಬೇಜಾರಾಗುತ್ತದೆ. ಬ್ರ್ಯಾಂಡ್ ಬದಲಿಸಿದರೆ ಹೇಳಿಕೊಳ್ಳುವಷ್ಟು ಏನೂ ಇಳಿಯುವುದಿಲ್ಲ. ಲೆಕ್ಕಕ್ಕೆ ಬರುವುದು ಎರಡೇ: ಮಿಶ್ರಣದಲ್ಲಿ ನೀರು ಎಷ್ಟಿದೆ, ಮತ್ತು ರೇಡಿಯೇಟರ್ ಇಲ್ಲವೇ ಕೂಲಂಟ್ ಟ್ಯಾಂಕಿನ ಮುಚ್ಚಳ ಒತ್ತಡ ಹಿಡಿಯುತ್ತಿದೆಯೋ ಇಲ್ಲವೋ.

ಶಾಖ ಹೊರುವ ಕೆಲಸದಲ್ಲಿ ನೀರನ್ನು ಮೀರಿಸುವುದು ಕಷ್ಟ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಬೇಕು. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇರುವ ಮಾಮೂಲಿ ಕೂಲಂಟ್‌ಗೆ ಸುಮಾರು 3.5 ಸಾಕು. ಅಂದರೆ ಅಷ್ಟೇ ತೂಕದ ದ್ರವ ಕಡಿಮೆ ಶಾಖ ಹೊತ್ತು ಹೋಗುತ್ತದೆ. ಅದು ನೀರಿಗಿಂತ ಮಂದ ಕೂಡ, ಲೋಹದಿಂದ ಶಾಖ ಎಳೆದುಕೊಳ್ಳುವುದರಲ್ಲೂ ಹಿಂದೆ. ಹಾಗಾದರೆ ಗ್ಲೈಕಾಲ್ ಯಾಕೆ ಹಾಕುತ್ತಾರೆ? ಮುಖ್ಯವಾಗಿ ಹೆಪ್ಪುಗಟ್ಟದಿರಲಿ ಅಂತ. 50:50 ಮಿಶ್ರಣ ಮೈನಸ್ 37 ಡಿಗ್ರಿವರೆಗೆ ತಡೆಯುತ್ತದೆ. ಚೆನ್ನೈನಲ್ಲಿ ಅದನ್ನಿಟ್ಟುಕೊಂಡು ಏನು ಮಾಡುವುದು, ಹೇಳಿ.

'ಆದರೆ ಗ್ಲೈಕಾಲ್ ಕುದಿಯುವ ಬಿಂದು ಏರಿಸುತ್ತದಲ್ವಾ?' ಎನ್ನುತ್ತಾರೆ. ಏರಿಸುತ್ತದೆ, ಆದರೆ ಎಷ್ಟು ಅಂತ ನೋಡಿ. ಮುಚ್ಚಳ ಇಲ್ಲದೆ 50:50 ಮಿಶ್ರಣ 107–108 ಡಿಗ್ರಿಗೆ ಕುದಿಯುತ್ತದೆ, 30 ಶೇಕಡಾ ಗ್ಲೈಕಾಲ್ ಇದ್ದರೆ ಸುಮಾರು 104ಕ್ಕೆ. ವ್ಯತ್ಯಾಸ ಮೂರ್ನಾಲ್ಕು ಡಿಗ್ರಿ, ಅಷ್ಟೇ. ಅದೇ ಒಂದು ಬಾರ್ ಒತ್ತಡ ಹಿಡಿಯುವ ಮುಚ್ಚಳ ಇದ್ದರೆ ಬರೀ ನೀರೇ 120ರವರೆಗೆ ಕುದಿಯದೆ ನಿಲ್ಲುತ್ತದೆ. ಮುಚ್ಚಳದ ರಬ್ಬರ್ ಹೋಗಿದ್ದರೆ ಆ 20 ಡಿಗ್ರಿ ಅಂತರ ಪೂರ್ತಿ ಮಾಯ. ಸಾವಿರಾರು ರೂಪಾಯಿಯ ಕೂಲಂಟ್ ಹಾಕಿ, ಹತ್ತು ವರ್ಷದ ಹಳೆ ಮುಚ್ಚಳವನ್ನೇ ತಿರುಗಿಸಿ ಕೂರಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ತಣ್ಣಗಿರುವಾಗ ಮುಚ್ಚಳ ತೆಗೆದು ಬೆಳಕಿಗೆ ಹಿಡಿಯಿರಿ. ಒಳಗಿನ ರಬ್ಬರ್ ರಿಂಗ್ ಮೇಲೆ ಉಗುರು ಒತ್ತಿದರೆ ಅದು ಮೆತ್ತಗೆ ತಗ್ಗಿ ಮತ್ತೆ ಮೇಲೆ ಬರಬೇಕು. ಗಟ್ಟಿಯಾಗಿ ಪ್ಲಾಸ್ಟಿಕ್‌ನಂತೆ ಆಗಿದ್ದರೆ, ಸಣ್ಣ ಸೀಳಿದ್ದರೆ, ಅಥವಾ ಟ್ಯಾಂಕಿನ ಕತ್ತಿನ ಸುತ್ತ ಗುಲಾಬಿ ಇಲ್ಲವೇ ಬಿಳಿ ಪುಡಿ ಒಣಗಿ ಕೂತಿದ್ದರೆ ಅದು ಒತ್ತಡ ಬಿಡುತ್ತಿದೆ ಎಂದೇ ಅರ್ಥ. ಹೊಸದು ಹಾಕಿ, ಕಂಪನಿಯದೇ. ಇನ್ನೂ ಜಾಸ್ತಿ ಒತ್ತಡದ ಮುಚ್ಚಳ ಹಾಕಬಹುದಾ ಎಂದು ಕೆಲವರು ಕೇಳುತ್ತಾರೆ. ಹಳೆ ಹೋಸ್, ಪ್ಲಾಸ್ಟಿಕ್ ಟ್ಯಾಂಕ್, ಹೀಟರ್ ಕೋರ್ ಇವೆಲ್ಲ ಆ ಒತ್ತಡ ತಡೆಯಬೇಕಲ್ಲ. ಸುಮ್ನೆ ಏರಿಸಬೇಡಿ.

ಒತ್ತಡ ಇಷ್ಟು ಮುಖ್ಯವಾಗುವುದಕ್ಕೆ ಇನ್ನೊಂದು ಕಾರಣ ಇದೆ. ಮೀಟರಿನಲ್ಲಿ 95 ಡಿಗ್ರಿ ತೋರಿಸುತ್ತಿದ್ದರೂ ಸಿಲಿಂಡರ್ ಹೆಡ್‌ನಲ್ಲಿ ಎಗ್ಸಾಸ್ಟ್ ವಾಲ್ವ್ ಪಕ್ಕದ ಲೋಹ ಅದಕ್ಕಿಂತ ಎಷ್ಟೋ ಬಿಸಿ ಇರುತ್ತದೆ. ಅಲ್ಲಿ ದ್ರವ ಸಣ್ಣ ಸಣ್ಣ ಗುಳ್ಳೆಯಾಗಿ ಕುದಿಯುತ್ತದೆ, ಗುಳ್ಳೆ ಲೋಹ ಬಿಟ್ಟು ಪಕ್ಕದ ತಣ್ಣನೆಯ ದ್ರವಕ್ಕೆ ಸೇರಿ ಒಡೆಯುತ್ತದೆ, ಹಾಗೆ ಒಡೆಯುವಾಗ ಶಾಖವನ್ನೂ ಕೊಂಡೊಯ್ಯುತ್ತದೆ. ಇದು ತಪ್ಪಲ್ಲ, ಒಳ್ಳೆಯದೇ. ಒತ್ತಡ ಕಡಿಮೆಯಾದರೆ ಮಾತ್ರ ಗುಳ್ಳೆಗಳೆಲ್ಲ ಕೂಡಿಕೊಂಡು ಲೋಹದ ಮೇಲೆ ಆವಿಯ ಪದರ ಕಟ್ಟುತ್ತವೆ. ಆವಿ ಶಾಖ ಎಳೆಯುವುದಿಲ್ಲ. ಆ ಜಾಗ ಕಾಯುತ್ತಾ ಹೋಗುತ್ತದೆ, ಎಂಜಿನ್ ನಾಕ್ ಆಗುತ್ತದೆ (ಇಂಧನ ಅಂಕೆ ಮೀರಿ ಉರಿದು ಬಡಿದಂತೆ ಸದ್ದಾಗುತ್ತದೆ), ಕೊನೆಗೆ ಹೆಡ್ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಮೀಟರ್ ಮಾತ್ರ ಆಗಲೂ ನಡುವಿನಲ್ಲೇ ನಿಂತಿರಬಹುದು.

ಮೀಟರ್ ಮಾತು ಬಂತಲ್ಲ, ಅದನ್ನು ನಂಬಬೇಡಿ. ಬಹಳಷ್ಟು ರಸ್ತೆ ಕಾರುಗಳಲ್ಲಿ ಮುಳ್ಳನ್ನು ಬೇಕೆಂದೇ ನಡುವೆ ಹಿಡಿದು ನಿಲ್ಲಿಸಿರುತ್ತಾರೆ. 80 ಇದ್ದರೂ ನಡುವೆ, 100 ದಾಟಿದರೂ ನಡುವೆ. ಕಾರಿನ ಕಂಪ್ಯೂಟರ್ ಮಾಹಿತಿ ಓದುವ ಒಬಿಡಿ ಪೋರ್ಟ್‌ಗೆ ಒಂದು ಸಣ್ಣ ರೀಡರ್ ಹಾಕಿ ಫೋನಿನಲ್ಲಿ ನಿಜವಾದ ಅಂಕಿ ನೋಡಿ. ಹಾಗಂತ 105 ಕಂಡ ಕೂಡಲೇ ಗಾಬರಿಯೂ ಬೇಡ. ಹಲವು ಬಿಎಂಡಬ್ಲ್ಯು ಎಂಜಿನ್‌ಗಳಲ್ಲಿ ಕೂಲಂಟ್ ಹರಿವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಅನ್ನು ಕಂಪ್ಯೂಟರ್ ಆಳುತ್ತದೆ, ನಿಧಾನಕ್ಕೆ ಹೋಗುವಾಗ ಇಂಧನ ಉಳಿಸಲು ಆ ಕಂಪ್ಯೂಟರೇ ಎಂಜಿನನ್ನು ಬಿಸಿ ಇಡುತ್ತದೆ, ಗಟ್ಟಿಯಾಗಿ ತುಳಿದರೆ ತಾನೇ ಇಳಿಸುತ್ತದೆ. ಟ್ರ್ಯಾಕ್‌ನಲ್ಲಿ ಸುತ್ತು ಸುತ್ತಿಗೂ ಅಂಕಿ ಏರುತ್ತಲೇ ಹೋಗುತ್ತಿದೆಯಾ, ಅದು ಚಿಂತೆಯ ವಿಷಯ.

ಹಾಗಾದರೆ ಗ್ಲೈಕಾಲ್ ಬಿಟ್ಟು ಬರೀ ನೀರು ಹಾಕೋಣವೇ? ಟ್ರೇಲರ್ ಮೇಲೆ ಬಂದು ಟ್ರೇಲರ್ ಮೇಲೆ ಹೋಗುವ ರೇಸ್ ಕಾರಿಗೆ ಹೌದು, ತುಕ್ಕು ತಡೆಯುವ ಅಡಿಟಿವ್ ಜೊತೆ. ರೇಸಿಂಗ್‌ನಲ್ಲಿ ನೀರು ಬಳಸುವುದಕ್ಕೆ ಶಾಖದಷ್ಟೇ ದೊಡ್ಡ ಕಾರಣ ಜಾರುವಿಕೆ. ಚೆಲ್ಲಿದ ನೀರು ಬಿಸಿಲಿಗೆ ಆರಿ ಹೋಗುತ್ತದೆ, ಗ್ಲೈಕಾಲ್ ಬೇಗ ಆರುವುದಿಲ್ಲ, ಎಣ್ಣೆಯಂತೆ ಕೂರುತ್ತದೆ, ಹಿಂದೆ ಬರುವವನು ನೇರ ಗೋಡೆಗೆ. ವರ್ಲ್ಡ್ ಸೂಪರ್‌ಬೈಕ್ ನಿಯಮದಲ್ಲಿ ನೀರು, ಇಲ್ಲವೇ ನೀರು ಮತ್ತು ಎಥೆನಾಲ್ ಬಿಟ್ಟು ಬೇರೆ ಕೂಲಂಟ್‌ಗೆ ಅವಕಾಶವೇ ಇಲ್ಲ. ಪೋರ್ಷೆ 911ರ ಹಳೆ ತಲೆಮಾರುಗಳಾದ 996 ಮತ್ತು 997 ಕಾಲದ ಜಿಟಿ3 ಇಟ್ಟುಕೊಂಡವರಿಗೆ ಈ ಭಯ ಚೆನ್ನಾಗಿ ಗೊತ್ತು. ಆ ಎಂಜಿನ್‌ನಲ್ಲಿ ಕೂಲಂಟ್ ಪೈಪಿನ ಕೆಲವು ಜೋಡಣೆಗಳನ್ನು ಬರೀ ಅಂಟಿನಿಂದ ಕೂರಿಸಿದ್ದಾರೆ. ವರ್ಷಗಳ ಬಿಸಿಗೆ ಅಂಟು ಸೋತರೆ ಪೈಪ್ ಕಳಚಿ ಕೂಲಂಟ್ ಎಲ್ಲ ಒಮ್ಮೆಗೇ ಹಿಂದಿನ ಟೈರ್ ಕೆಳಗೆ. ಅದಕ್ಕೇ ಟ್ರ್ಯಾಕ್‌ಗೆ ಹೋಗುವವರು ಅವನ್ನು ವೆಲ್ಡ್ ಮಾಡಿಸುತ್ತಾರೆ, ಇಲ್ಲವೇ ಪಿನ್ ಹಾಕಿಸುತ್ತಾರೆ. ಅಂಥ ಕಾರಿನಲ್ಲಿ ಕೂಲಂಟ್ ಬ್ರ್ಯಾಂಡ್ ಚರ್ಚೆ ಆಮೇಲೆ ಮಾಡಬಹುದು.

ನೀವು ಅದೇ ಕಾರಿನಲ್ಲಿ ಹೆದ್ದಾರಿ ಹಿಡಿದು ಹೋಗಿ, ದಿನವಿಡೀ ಓಡಿಸಿ, ಮತ್ತೆ ಮನೆಗೆ ಬರುವವರಾದರೆ ನನ್ನ ಸಲಹೆ ಹೀಗೆ. ಕಂಪನಿ ಹೇಳಿದ ಕೂಲಂಟ್‌ನ ಕಾನ್ಸೆಂಟ್ರೇಟ್ 35ರಿಂದ 40 ಶೇಕಡಾ, ಉಳಿದದ್ದು ಡಿಸ್ಟಿಲ್ಡ್ ವಾಟರ್. ಇನ್ನೂ ಕಡಿಮೆ ಮಾಡಿದರೆ ತುಕ್ಕು ತಡೆಯುವ ರಾಸಾಯನಿಕವೂ ತೆಳುವಾಗುತ್ತದೆ, ಅಲ್ಯೂಮಿನಿಯಂ ಹೆಡ್ ಅದನ್ನು ಸಹಿಸುವುದಿಲ್ಲ. ಮ್ಯಾನ್ಯುಯಲ್‌ನಲ್ಲಿ ಕನಿಷ್ಠ ಎಷ್ಟು ಅಂತ ಬರೆದಿದ್ದರೆ ಅದಕ್ಕಿಂತ ಕೆಳಗಿಳಿಯಬೇಡಿ. ರೆಡಿಮಿಕ್ಸ್ ಡಬ್ಬಿ ತಗೊಂಡು ಅದಕ್ಕೆ ಮತ್ತೆ ಅಂದಾಜಿನ ಮೇಲೆ ನೀರು ಬೆರೆಸುವುದೂ ಬೇಡ. ಮಿಶ್ರಣದಲ್ಲಿ ಗ್ಲೈಕಾಲ್ ಎಷ್ಟಿದೆ ಅಂತ ಅಳೆಯುವ ರಿಫ್ರಾಕ್ಟೋಮೀಟರ್ ಈಗ ಅಗ್ಗ. ಗಾಜಿನ ಮೇಲೆ ಒಂದು ಹನಿ, ಕಣ್ಣಿಗೆ ಹಿಡಿದರೆ ನೀಲಿ ಗೆರೆ ಎಲ್ಲಿ ನಿಂತಿದೆ ಅಂತ ಕಾಣುತ್ತದೆ. ಎಥಿಲೀನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್‌ಗೆ ಬೇರೆ ಬೇರೆ ಅಳತೆಪಟ್ಟಿ ಇರುತ್ತದೆ, ಅದನ್ನು ಗಮನಿಸಿ.

ಬಣ್ಣ ನೋಡಿ ಕೊಳ್ಳಬೇಡಿ. ಅದು ಬರೀ ಡೈ. ಜಪಾನಿ ಕಾರುಗಳ ಕೂಲಂಟ್‌ನಲ್ಲಿ ಸಾಮಾನ್ಯವಾಗಿ ಫಾಸ್ಫೇಟ್ ಇರುತ್ತದೆ, ಸಿಲಿಕೇಟ್ ಇರುವುದಿಲ್ಲ. ಯುರೋಪಿನವು ಉಲ್ಟಾ, ಅಲ್ಲಿನ ಗಡಸು ನೀರಿಗೆ ಫಾಸ್ಫೇಟ್ ಸೇರಿದರೆ ಪೊರೆ ಕಟ್ಟುತ್ತದೆ ಅಂತ. ಈಗ ಬೆಂಗಳೂರಿನ ಬೋರ್‌ವೆಲ್ ನೀರನ್ನು ನೆನಪಿಸಿಕೊಳ್ಳಿ. ಗೀಸರ್ ಕಾಯಿಲ್ ಮೇಲೆ ಕಟ್ಟುವ ಆ ಬಿಳಿ ಪೊರೆಯೇ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಫೋಕ್ಸ್‌ವ್ಯಾಗನ್ ಗುಂಪಿನ ಕಾರಾದರೆ ಡಬ್ಬಿಯ ಮೇಲೆ ಟಿಎಲ್ 774 ಎಂಬ ಸಂಖ್ಯೆ ಮತ್ತು ಅದರ ಮುಂದಿನ ಅಕ್ಷರ ಹುಡುಕಿ. ಬೇರೆ ಕಾರಿಗೂ ಮ್ಯಾನ್ಯುಯಲ್‌ನಲ್ಲಿ ಇಂಥದ್ದೊಂದು ಕೋಡ್ ಇರುತ್ತದೆ. ಎರಡು ಜಾತಿ ಬೆರೆಸಿದರೆ ಆಯುಸ್ಸು ಕಡಿಮೆ, ಕೆಲವು ಸಲ ಕೆಸರಿನಂತೆ ಗಟ್ಟಿಯಾಗುವುದೂ ಉಂಟು.

ನೀರು ಲೋಹಕ್ಕೆ ಚೆನ್ನಾಗಿ ತಾಗಲಿ ಅಂತ ಬೆರೆಸುವ ವಾಟರ್ ವೆಟರ್ ಎಂಬ ಅಡಿಟಿವ್ ಹಾಕಲೇ ಎಂದರೆ, ನೀರು ಜಾಸ್ತಿ ಇರುವ ಮಿಶ್ರಣಕ್ಕೆ ಹಾಕಿ, ಅಲ್ಲಿ ಸ್ವಲ್ಪ ಉಪಯೋಗ. 50:50ರಲ್ಲಿ ದುಡ್ಡು ದಂಡ. ನೀರೇ ಇಲ್ಲದ ಕೂಲಂಟ್ ಬಗ್ಗೆ ಜಾಹೀರಾತು ಜೋರಾಗಿದೆ. 180 ಡಿಗ್ರಿ ದಾಟಿದರೂ ಕುದಿಯುವುದಿಲ್ಲ ಎನ್ನುವುದು ನಿಜ. ಆದರೆ ಅದು ನೀರಿಗಿಂತ ಬಹಳ ಕಡಿಮೆ ಶಾಖ ಹೊರುತ್ತದೆ, ಹಾಗಾಗಿ ಎಂಜಿನ್ ಇನ್ನೂ ಬಿಸಿಯಾಗಿಯೇ ಓಡುತ್ತದೆ. ಕುದಿಯದಿರುವುದು ಬೇರೆ, ತಣ್ಣಗಿರುವುದು ಬೇರೆ. ಟರ್ಬೊ ಕಾರಿನಲ್ಲಿ ಬಿಸಿ ಜಾಸ್ತಿಯಾದರೆ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ತಾನಾಗಿ ಪವರ್ ಇಳಿಸುತ್ತದೆ. ಟ್ರ್ಯಾಕ್ ಕಾರಿಗೆ ನಾನು ಹಾಕುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಬಿಸಿ ಏರುತ್ತಿದ್ದರೆ ಬಂಪರ್ ಬಿಚ್ಚಿ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಎಲೆ, ಟೈರ್ ರಬ್ಬರ್ ಚೂರು, ಹೆದ್ದಾರಿಯ ಪ್ಲಾಸ್ಟಿಕ್ ಕವರ್ ಸಿಗುತ್ತವೆ. ಕೇಮನ್, 911 ತರಹದ ಕಾರಿನಲ್ಲಿ ರೇಡಿಯೇಟರ್ ಮೂತಿಯಲ್ಲಿ, ಎಂಜಿನ್ ಹಿಂದೆ. ಉದ್ದದ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ಯಾವ ಕೂಲಂಟೂ ಕೆಲಸ ಮಾಡುವುದಿಲ್ಲ, ವ್ಯಾಕ್ಯೂಮ್ ಹಾಕಿ ಗಾಳಿ ಹೀರಿ ತೆಗೆದೇ ತುಂಬಿಸಿ.

ಸೆಷನ್ ಕೊನೆಯ ಸುತ್ತು ನಿಧಾನಕ್ಕೆ ಹೋಗಿ, ಬಂದ ಕೂಡಲೇ ಎಂಜಿನ್ ಆಫ್ ಮಾಡಬೇಡಿ, ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡಿ. ಇನ್ನು ಇಳಿಸಿದ ಹಳೆ ಕೂಲಂಟನ್ನು ದಯವಿಟ್ಟು ಮೋರಿಗೆ ಸುರಿಯಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ, ಬೀದಿನಾಯಿ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತದೆ. ಕ್ಯಾನಿಗೆ ತುಂಬಿ ಮುಚ್ಚಿಟ್ಟು, ಹಳೆ ಆಯಿಲ್ ಜೊತೆ ಬೆರೆಸದೆ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಬೇರೆಯಾಗಿಯೇ ಕೊಡಿ.