ಕಾರಿನ ಪ್ಲಾಸ್ಟಿಕ್ ಪಾರ್ಟ್‌ಗೆ ಬದಲು ಲೋಹದ್ದು: ಲೇತ್‌ಗೆ ಕೊಡುವ ಮೊದಲು

ಕಾರಿನ ಬಾನೆಟ್ ಎತ್ತಿ ನೋಡಿ. ಇಂಜಿನ್ನಿನ ಹೆಡ್‌ನಿಂದ, ಅಂದರೆ ಮೇಲ್ಭಾಗದಿಂದ, ರೇಡಿಯೇಟರ್ ಕಡೆಗೆ ದಪ್ಪ ರಬ್ಬರ್ ಹೋಸ್ ಒಂದು ಹೋಗುತ್ತದೆ. ಆ ಹೋಸ್ ಇಂಜಿನ್ನಿಗೆ ಸೇರುವಲ್ಲಿ ಕಪ್ಪು ಬಣ್ಣದ ಸಣ್ಣ ಪೈಪ್ ಇರುತ್ತದೆ. ಬುಡದಲ್ಲಿ ಫ್ಲೇಂಜ್ (ಬೋಲ್ಟ್ ಹಾಕುವ ಅಗಲದ ಅಂಚು), ಎರಡೋ ಮೂರೋ ಬೋಲ್ಟ್. ಗ್ಯಾರೇಜಿನಲ್ಲಿ ಇದಕ್ಕೆ ವಾಟರ್ ಔಟ್‌ಲೆಟ್ ಅನ್ನುತ್ತೇವೆ. ಈಗಿನ ಎಷ್ಟೋ ಕಾರುಗಳಲ್ಲಿ ಇದು ಪ್ಲಾಸ್ಟಿಕ್. ಕಾರಿಗೆ ವಯಸ್ಸಾದ ಮೇಲೆ, ಹೋಸ್ ಬಿಚ್ಚಲು ಸ್ವಲ್ಪ ತಿರುಗಿಸಿದರೆ ಸಾಕು, ಪೈಪಿನ ಬಾಯಿಯೇ ಹೋಸಿನ ಜೊತೆ ಕೈಗೆ ಬರುತ್ತದೆ. ಗ್ಯಾರೇಜಿನಲ್ಲಿ ಬಂದರೆ ಪುಣ್ಯ. ಜಾಲ್ಸೂರು ರಸ್ತೆಯ ಏರಿನಲ್ಲಿ ತಾನಾಗಿಯೇ ಬಿರಿದರೆ ನೀರೆಲ್ಲ ಹೋಗಿ, ಹೆಡ್ ಬೆಂಡ್ ಆಗುವ ತನಕ ಓಡಿಸಿದವರಿಗೆ ಗೊತ್ತಾಗುವುದಿಲ್ಲ.

ಕುಂಬಳೆ–ಬದಿಯಡ್ಕ ರಸ್ತೆ ಬದಿಯ ನಮ್ಮ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ವರ್ಕ್‌ಶಾಪಿಗೆ ಇಂಥ ಮುರಿದ ತುಂಡು ಹಿಡಿದುಕೊಂಡು ಬರುವವರು ಈಗ ಜಾಸ್ತಿ. ಅದಕ್ಕೆ ಕಾರಣವೂ ಇದೆ. ಷೆವರ್ಲೆ 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿ ನಿಲ್ಲಿಸುವುದಾಗಿ ಹೇಳಿತು. ಉಳಿದ ಕಂಪೆನಿಗಳಲ್ಲೂ ಹಳೆಯ ಮಾಡೆಲ್‌ಗಳ ಸಣ್ಣಪುಟ್ಟ ಪಾರ್ಟ್ ಕೇಳಿದ ಕೂಡಲೇ ಸಿಗುವುದಿಲ್ಲ. ಕಾಸರಗೋಡಿನಲ್ಲಿ ಇಲ್ಲ ಅಂದರೆ ಮಂಗಳೂರಿಗೆ ಆರ್ಡರ್ ಹೋಗಬೇಕು. ಅಷ್ಟರವರೆಗೆ ಕಾರು ಅಂಗಳದಲ್ಲಿ.

"ಅಣ್ಣಾ, ಇದನ್ನು ಕಬ್ಬಿಣದಲ್ಲಿ ಒಂದು ಮಾಡಿ ಕೊಡಿ. ಇನ್ನು ಮುರಿಯುವ ವಿಷಯವೇ ಬರಬಾರದು" ಎಂದರು ಪೆರ್ಲದ ಕಡೆಯ ಒಬ್ಬ ಮಾಷ್ಟ್ರು.

"ಮಾಡುವ ಮಾಷ್ಟ್ರೇ. ಆದರೆ ಕಬ್ಬಿಣದಲ್ಲಿ ಬೇಡ. ಮತ್ತೆ, ಮೊದಲು ಇದು ಯಾಕೆ ಮುರಿಯಿತು ಅಂತ ನೋಡುವ" ಎಂದೆ.

ನಾನು ಎಲ್ಲರಿಗೂ ಹೇಳುವುದು ಇಷ್ಟೇ. ಒರಿಜಿನಲ್ ಪಾರ್ಟ್ ಸಿಗುತ್ತದೆ ಎಂದಾದರೆ ಅದನ್ನೇ ಹಾಕಿ. ವಾರಂಟಿ ಇರುವ ಕಾರಿಗೆ ಈ ಕೆಲಸ ಮಾಡಿಸಲೇಬೇಡಿ. ಪಾರ್ಟ್ ಸಿಗುವುದಿಲ್ಲ, ಅಥವಾ ಹಾಕಿದ್ದು ಮತ್ತೆ ಮತ್ತೆ ಹೋಗುತ್ತಿದೆ ಎಂದಾದರೆ ಲೋಹದ್ದು ಮಾಡಬಹುದು. ಆಗಲೂ ಎರಡು ಪ್ರಶ್ನೆ ಮೊದಲು ಕೇಳಿಕೊಳ್ಳಬೇಕು. ಕಂಪೆನಿಯವರು ಇದನ್ನು ಪ್ಲಾಸ್ಟಿಕ್‌ನಲ್ಲಿ ಯಾಕೆ ಮಾಡಿದರು? ಇದು ಮುರಿದದ್ದು ಯಾವುದರಿಂದ?

ಬಾನೆಟ್ ಒಳಗಿನ ಈ ಕಪ್ಪು ಪ್ಲಾಸ್ಟಿಕ್ ಬಕೆಟ್ ಮಾಡುವ ಪ್ಲಾಸ್ಟಿಕ್ ಅಲ್ಲ. ಸಾಮಾನ್ಯವಾಗಿ ಅದು ಗಾಜಿನ ನೂಲು ಬೆರೆಸಿದ ನೈಲಾನ್ 66. ನೂರರಲ್ಲಿ ಮೂವತ್ತು ಪಾಲು ಗಾಜು ಇರುವುದುಂಟು. ಹೊಸದಿದ್ದಾಗ ತುಂಬ ಗಟ್ಟಿ. ತುಕ್ಕು ಹಿಡಿಯುವುದಿಲ್ಲ, ತೂಕ ಕಡಿಮೆ. ಸೆನ್ಸರ್ ಕೂರುವ ಜಾಗ, ಹೀಟರ್ ಪೈಪಿನ ಬಾಯಿ, ಬಾಗು ಎಲ್ಲವೂ ಒಂದೇ ಅಚ್ಚಿನಲ್ಲಿ ಬರುತ್ತದೆ. ಆದರೆ ಬಿಸಿ ನೀರು ಮತ್ತು ಕೂಲೆಂಟಿನಲ್ಲಿರುವ ಗ್ಲೈಕಾಲ್ ಸೇರಿ ವರ್ಷಗಟ್ಟಲೆ ನೈಲಾನನ್ನು ಒಳಗಿಂದ ತಿನ್ನುತ್ತವೆ. ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿ. ಹೊರಗಿನ ಮೈ ಕಪ್ಪಗೆ ಚೆನ್ನಾಗಿಯೇ ಕಾಣುತ್ತದೆ. ಒಳಗಿನ ಮೈ ಬೂದು ಬಣ್ಣಕ್ಕೆ ತಿರುಗಿ ತರಿತರಿಯಾಗಿರುತ್ತದೆ. ಉಗುರಿನಿಂದ ಕೆರೆದರೆ ಪುಡಿ ಬರುತ್ತದೆ. ಹೀಗಿದ್ದರೆ ಅದು ಮುಪ್ಪಿನಿಂದ ಹೋದದ್ದು. ಲೋಹದ್ದು ಹಾಕಿದರೆ ಪ್ರಯೋಜನ ಇದೆ.

ಒಳಮೈ ನುಣುಪಾಗಿಯೇ ಇದ್ದು, ಬಾಯಿ ಸುತ್ತ ಉಂಗುರದ ಹಾಗೆ ಬಿರುಕು ಬಿಟ್ಟಿದ್ದರೆ ವಿಷಯ ಬೇರೆ. ಯಾರೋ ಹೋಸ್ ಕ್ಲಿಪ್ಪನ್ನು ವಿಪರೀತ ಬಿಗಿ ಮಾಡಿದ್ದಾರೆ. ಒಂದೇ ಕಡೆ, ಫ್ಲೇಂಜಿನ ಬುಡದಲ್ಲಿ ಬಿರಿದಿದ್ದರೆ ಇಂಜಿನ್ ಮೌಂಟ್ (ಇಂಜಿನ್ನನ್ನು ಹಿಡಿದಿಡುವ ರಬ್ಬರ್) ನೋಡಿ. ಮೌಂಟ್ ಸತ್ತು ಇಂಜಿನ್ ಅಲುಗುವಾಗ ಹೋಸು ಈ ಪೈಪನ್ನು ಎಳೆಯುತ್ತಿರಬಹುದು. ಆ ಎಳೆತವನ್ನು ಸರಿ ಮಾಡದೆ ಲೋಹದ ಪೈಪ್ ಹಾಕಿದರೆ ಮುಂದಿನ ಸಲ ರೇಡಿಯೇಟರಿನ ಪ್ಲಾಸ್ಟಿಕ್ ಬಾಯಿ ಮುರಿಯುತ್ತದೆ. ಅದಕ್ಕೆ ಖರ್ಚು ಇನ್ನೂ ಜಾಸ್ತಿ, ಅಲ್ವಾ?

ಲೋಹದ್ದು ಹಾಕುವ ಮೊದಲು ನಮ್ಮ ಊರಿನವರು ನೋಡಬೇಕಾದ ಇನ್ನೊಂದು ವಿಷಯ ಇದೆ: ಬಾವಿ ನೀರು. ರೇಡಿಯೇಟರಿಗೆ ಮನೆಯ ಬಾವಿ ನೀರು ತುಂಬಿಸುವ ಅಭ್ಯಾಸ ಇಲ್ಲಿ ಹೋಗಿಯೇ ಇಲ್ಲ. ಮುರಕಲ್ಲಿನ ಬಾವಿಯ ನೀರು ಕುಡಿಯಲು ಬಹಳ ರುಚಿ. ಆದರೆ ಅದು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ. ಕಡಲ ಬದಿಗೆ, ಉಪ್ಪಳ, ಮಂಜೇಶ್ವರ, ಕುಂಬಳೆಯ ಕೆಲವು ಕಡೆ ಬೇಸಿಗೆಯಲ್ಲಿ ಬಾವಿಗೆ ಉಪ್ಪು ಬರುತ್ತದೆ. ಇಂಜಿನ್ನಿನ ಹೆಡ್ಡೂ ನಾವು ಮಾಡುವ ಪೈಪೂ ಅಲ್ಯೂಮಿನಿಯಂ, ಅದಕ್ಕೆ ಈ ಎರಡೂ ಆಗುವುದಿಲ್ಲ. ಉಪ್ಪು ನೀರಿಗೆ ಅಲ್ಯೂಮಿನಿಯಂನಲ್ಲಿ ಸೂಜಿ ಚುಚ್ಚಿದಂಥ ತೂತು ಬೀಳುತ್ತದೆ. ಕೂಲೆಂಟಿನಲ್ಲಿ ಲೋಹವನ್ನು ಕಾಯುವ ರಾಸಾಯನಿಕ ಬೆರೆಸಿರುತ್ತಾರೆ. ನೀರು ಸುರಿದಷ್ಟೂ ಅದು ತೆಳ್ಳಗಾಗುತ್ತದೆ. ಲೋಹದ ಪೈಪ್ ಹಾಕಿಸಿಕೊಂಡವರು ಈ ಅಭ್ಯಾಸ ಬಿಡಲೇಬೇಕು. ಮೊದಲೇ ನೀರು ಬೆರೆಸಿರದ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ ಹಾಕಿ. ಆ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರ್ ಕ್ಯಾಪಿನ ಒತ್ತಡ ಸೇರಿದರೆ 120 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಕೆಲವು ಪಾರ್ಟ್ ಪ್ಲಾಸ್ಟಿಕ್ ಆಗಿಯೇ ಇರಬೇಕು. ಪವರ್ ವಿಂಡೋ ಮತ್ತು ವೈಪರ್ ಮೋಟರಿನ ಒಳಗೆ ನೈಲಾನ್ ಗಿಯರ್ ಇರುತ್ತದೆ. ಅದು ಸದ್ದಿಲ್ಲದೆ ಓಡುತ್ತದೆ. ಗ್ಲಾಸ್ ಸಿಕ್ಕಿಹಾಕಿಕೊಂಡರೆ ಮೊದಲು ಅದರ ಹಲ್ಲು ಹೋಗಿ ಮೋಟರ್ ಉಳಿಯುತ್ತದೆ. ಅಲ್ಲಿ ಹಿತ್ತಾಳೆ ಗಿಯರ್ ಕೂರಿಸಿದರೆ ಮುಂದಿನ ಸಲ ಮೋಟರ್ ಸುಡುತ್ತದೆ ಅಥವಾ ಕೇಬಲ್ ತುಂಡಾಗುತ್ತದೆ. ಟೈಮಿಂಗ್ ಚೈನಿನ ಗೈಡ್ ಪ್ಲಾಸ್ಟಿಕ್ ಇರುವುದು ಚೈನ್ ಅದರ ಮೇಲೆ ಜಾರಲಿ ಎಂದು. ಅಲ್ಲಿ ಲೋಹ ಕೊಟ್ಟರೆ ಚೈನ್ ಅದನ್ನು ಅರೆದು ಪುಡಿಯನ್ನು ಆಯಿಲ್‌ಗೆ ಕಳಿಸುತ್ತದೆ. ಬಂಪರ್ ಕ್ಲಿಪ್ಪು, ಹೆಡ್‌ಲೈಟಿನ ಕಿವಿ, ಇವೆಲ್ಲ ಗುದ್ದಿದಾಗ ಮುರಿದು ದೊಡ್ಡದನ್ನು ಉಳಿಸುವಂಥವು. ಬ್ರೇಕ್, ಸ್ಟೇರಿಂಗ್, ಏರ್‌ಬ್ಯಾಗ್, ಪೆಟ್ರೋಲ್ ಲೈನ್ ವಿಷಯದಲ್ಲಿ ಚರ್ಚೆಯೇ ಇಲ್ಲ. ನಾನು ಮುಟ್ಟುವುದಿಲ್ಲ. ಯಾರಾದರೂ ಮಾಡಿ ಕೊಡುತ್ತೇವೆ ಅಂದರೆ ನೀವೂ ಒಪ್ಪಬೇಡಿ.

ಗಿಯರ್ ಕೇಬಲ್ಲಿನ ತುದಿಯ ಬುಶ್ (ಸಣ್ಣ ಬಳೆ) ಲೋಹದ್ದು ಆಗುವ, ಆಗದ ಪಾರ್ಟುಗಳ ಮಧ್ಯದಲ್ಲಿ ಬರುತ್ತದೆ. ಹಿತ್ತಾಳೆಯಲ್ಲಿ ಮಾಡಬಹುದು, ಆದರೆ ಇಂಜಿನ್ನಿನ ನಡುಕ ಪೂರಾ ಲಿವರ್‌ಗೆ ಬರುತ್ತದೆ. ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ರಾಡನ್ನು ಲೇತ್‌ನಲ್ಲಿ ಟರ್ನ್ ಮಾಡಿದರೆ ಚೆನ್ನಾಗಿ ನಿಲ್ಲುತ್ತದೆ. ಬಾನೆಟ್ ತೆರೆಯುವ ಲಿವರ್ ಮುರಿದರೆ 2 ಎಂಎಂ ಶೀಟಿನಲ್ಲಿ ಕತ್ತರಿಸಿ ಫೈಲ್ ಹಾಕಿ ಮನೆಯಲ್ಲೇ ಮಾಡಬಹುದು. ತಿರುಗುವ ಕಡೆ ಒಂದು ನೈಲಾನ್ ವಾಷರ್ ಇಡಿ, ಇಲ್ಲದಿದ್ದರೆ ಕಿರ್ ಅನ್ನುತ್ತದೆ.

ವಾಟರ್ ಔಟ್‌ಲೆಟ್‌ಗೆ ಯಾವ ಲೋಹ? ಕಬ್ಬಿಣ ಬೇಡ. ಒಳಗೆ ತುಕ್ಕು ಹಿಡಿದು ಅದರ ಹುಡಿ ರೇಡಿಯೇಟರಿನ ಸಪೂರ ದಾರಿಗಳನ್ನು ಕಟ್ಟುತ್ತದೆ. ಹಿತ್ತಾಳೆ ಲೇತ್‌ನಲ್ಲಿ ಬೆಣ್ಣೆಯ ಹಾಗೆ ಹೋಗುತ್ತದೆ, ಕೆಲಸದವನಿಗೆ ಸುಖ. ಆದರೆ ಈಗಿನ ಕಾರುಗಳ ಹೆಡ್ ಅಲ್ಯೂಮಿನಿಯಂ. ಹಿತ್ತಾಳೆ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ನಡುವೆ ನೀರು ಇದ್ದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಕೂಲೆಂಟ್ ಸರಿಯಿದ್ದರೆ ನಿಧಾನ, ಬಾವಿ ನೀರಿದ್ದರೆ ಬೇಗ. ತಿಂದುಹೋಗುವುದು ನೀವು ಮಾಡಿಸಿದ ಪಾರ್ಟ್ ಅಲ್ಲ, ಇಂಜಿನ್ನಿನ ಹೆಡ್. ಸ್ಟೀಲ್‌ನ ಕಥೆಯೂ ಹೆಚ್ಚು ಕಡಿಮೆ ಅದೇ.

ಆದ್ದರಿಂದ ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ. ಬಿಸಿಗೆ ಎರಡೂ ಒಂದೇ ಅಳತೆಯಲ್ಲಿ ಹಿಗ್ಗುತ್ತವೆ. 30 ಎಂಎಂ ಅಗಲದ ಅಲ್ಯೂಮಿನಿಯಂ 80 ಡಿಗ್ರಿ ಬಿಸಿ ಏರಿದರೆ ಸುಮಾರು 0.055 ಎಂಎಂ ಹಿಗ್ಗುತ್ತದೆ. ಕಬ್ಬಿಣ ಅದರ ಅರ್ಧದಷ್ಟೇ. ರಾಡ್ ತರುವಾಗ 6061 ಅಥವಾ 6082 ಗ್ರೇಡ್ ಎಂದು ಕೇಳಿ ತನ್ನಿ. ಗುಜರಿಯಲ್ಲಿ ಸಿಕ್ಕ ಹೊಳೆಯುವ ರಾಡನ್ನು ನಂಬಬೇಡಿ. ಅದು 2000 ಸೀರೀಸಿನದ್ದಾದರೆ ಅದರೊಳಗೆ ತಾಮ್ರ ಇರುತ್ತದೆ, ನೀರಿಗೆ ನಿಲ್ಲುವುದಿಲ್ಲ. ಗುಜರಿ ಎರಕದ ತುಂಡಾದರೆ ಒಳಗೆ ಗುಳ್ಳೆಗಳಿರುತ್ತವೆ, ಆ ಗುಳ್ಳೆಗಳ ಮೂಲಕವೇ ನೀರು ಜಿನುಗುತ್ತದೆ.

ಅಳತೆ ತೆಗೆಯುವಾಗ ಮುರಿದ ಪಾರ್ಟನ್ನು ಮಾತ್ರ ನಂಬಬಾರದು. ಬಿಸಿಗೆ ಅದು ಸೊಟ್ಟಗಾಗಿರುತ್ತದೆ. ಬೋಲ್ಟ್ ತೂತುಗಳ ಅಂತರ ಇಂಜಿನ್ನಿನಿಂದಲೇ ತೆಗೆಯಿರಿ. ಹೆಡ್‌ನ ಮೈಯನ್ನು ಒರೆಸಿ, ಸ್ವಲ್ಪ ದಪ್ಪ ಕಾಗದ ಒತ್ತಿ ಹಿಡಿದು, ಗ್ರೀಸ್ ಮೆತ್ತಿದ ಬೆರಳಿನಿಂದ ಉಜ್ಜಿದರೆ ತೂತುಗಳ ಅಂಚು ಕಾಗದದ ಮೇಲೆ ಸ್ಪಷ್ಟವಾಗಿ ಮೂಡುತ್ತದೆ. ನಡುವಿನ ತೂತು, ಬೋಲ್ಟ್ ತೂತು, ಹೊರಗಿನ ಆಕಾರ ಎಲ್ಲ ಒಂದೇ ಕಾಗದದಲ್ಲಿ. ವರ್ನಿಯರ್‌ನಲ್ಲಿ ಅಳೆದದ್ದಕ್ಕೆ ಇದನ್ನು ಹೋಲಿಸಿ ನೋಡುತ್ತೇನೆ. ಹಾಗೆಯೇ ಹೆಡ್‌ನ ಮೈಯಲ್ಲಿ ಬಿಳಿ ಪುಡಿ, ಗುಳಿ ಇದ್ದರೆ ಈಗಲೇ ಗೊತ್ತಾಗುತ್ತದೆ.

ಫ್ಲೇಂಜಿನ ದಪ್ಪ ಬಹಳ ಮುಖ್ಯ. ಲೋಹ ಗಟ್ಟಿ ಅಲ್ವಾ, ತೆಳ್ಳಗೆ ಮಾಡಿದರೆ ಸಾಕು ಎಂದು ತೋರುತ್ತದೆ. ಪ್ಲಾಸ್ಟಿಕ್ ಫ್ಲೇಂಜ್ 10 ಎಂಎಂ ಇತ್ತು, ನೀವು 6 ಎಂಎಂ ಮಾಡಿದಿರಿ ಎಂದುಕೊಳ್ಳಿ. ಹಳೆಯ ಬೋಲ್ಟೇ ಹಾಕಿದರೆ 4 ಎಂಎಂ ಜಾಸ್ತಿ ಒಳಗೆ ಹೋಗಿ ತೂತಿನ ತಳಕ್ಕೆ ಗುದ್ದುತ್ತದೆ. ಬಿಗಿಯಾದಂತೆ ಕೈಗೆ ಅನ್ನಿಸುತ್ತದೆ, ಆದರೆ ಫ್ಲೇಂಜ್ ಕೂತಿರುವುದಿಲ್ಲ. ಇನ್ನೂ ತಿರುಗಿಸಿದರೆ ಹೆಡ್‌ನ ತ್ರೆಡ್ಡೇ ಕಿತ್ತು ಬರುತ್ತದೆ. ಹಳೆಯ ದಪ್ಪವನ್ನೇ ಇಡಿ, ಅಥವಾ ಬೋಲ್ಟನ್ನು ಅಳೆದು ಚಿಕ್ಕದು ಹಾಕಿ. ಎಂ6 ಬೋಲ್ಟಾದರೆ 8ರಿಂದ 10 ನ್ಯೂಟನ್ ಮೀಟರ್ ಬಿಗಿ ಸಾಕು. ಉದ್ದ ಸ್ಪ್ಯಾನರ್ ಬೇಡ.

ಲೇತ್ ಕೆಲಸದಲ್ಲಿ ಎಲ್ಲಕ್ಕಿಂತ ನಾಜೂಕು ಓ-ರಿಂಗಿನ ಗ್ರೂವ್, ಅಂದರೆ ನೀರು ತಡೆಯುವ ರಬ್ಬರ್ ಬಳೆ ಕೂರಲು ಫ್ಲೇಂಜಿನ ಮೈಯಲ್ಲಿ ತೆಗೆಯುವ ಕಾಲುವೆ. ಪೈಪ್ ಲೀಕ್ ಆಗುವುದು ಬಿಡುವುದು ಇಲ್ಲಿ ನಿರ್ಧಾರ ಆಗುತ್ತದೆ. ಓ-ರಿಂಗ್ 2.5 ಎಂಎಂ ದಪ್ಪ ಇದ್ದರೆ ಗ್ರೂವಿನ ಆಳ 2 ಎಂಎಂ ಇಡುತ್ತೇನೆ. ಅಂದರೆ ನೂರಕ್ಕೆ ಇಪ್ಪತ್ತು ಪಾಲು ಒತ್ತಿಕೊಳ್ಳುತ್ತದೆ. ಅಗಲ ಸುಮಾರು 3.3 ಎಂಎಂ. ಒತ್ತಿದ ರಬ್ಬರ್ ಪಕ್ಕಕ್ಕೆ ಹರಡಲು, ಬಿಸಿಗೆ ಹಿಗ್ಗಲು ಜಾಗ ಬೇಕು. ಜಾಗ ಇಲ್ಲದಿದ್ದರೆ ರಿಂಗ್ ಫ್ಲೇಂಜನ್ನೇ ಎತ್ತಿ ಹಿಡಿಯುತ್ತದೆ. ನೀರಿನ ಒತ್ತಡ ಒಳಗಿನಿಂದ ಬರುವುದರಿಂದ ರಿಂಗ್ ಗ್ರೂವಿನ ಹೊರಗೋಡೆಗೆ ತಾಗಿ ಕೂರಬೇಕು. ಟೂಲ್ ಹರಿತ ಇರಲಿ, ಸೀಮೆಎಣ್ಣೆ ಬಿಡುತ್ತಾ ಇರಿ. ಇಲ್ಲದಿದ್ದರೆ ಅಲ್ಯೂಮಿನಿಯಂ ಟೂಲಿನ ಮೂತಿಗೆ ಅಂಟಿ ಗ್ರೂವಿನ ತಳದಲ್ಲಿ ಗೆರೆ ಎಳೆಯುತ್ತದೆ. ಆ ಗೆರೆಯೇ ಮುಂದೆ ನೀರಿಗೆ ದಾರಿ. ರಿಂಗ್ ಇಪಿಡಿಎಂ ರಬ್ಬರಿನದ್ದು ಎಂದು ಕೇಳಿ ತೆಗೆದುಕೊಳ್ಳಿ. ಕೂರಿಸುವಾಗ ಗ್ರೀಸ್, ಇಂಜಿನ್ ಆಯಿಲ್ ಹಚ್ಚಬೇಡಿ, ಇಪಿಡಿಎಂ ಊದಿಕೊಳ್ಳುತ್ತದೆ. ಒಂದು ತೊಟ್ಟು ಕೂಲೆಂಟ್ ಹಚ್ಚಿದರೆ ಸಾಕು.

ಹೋಸ್ ಕೂರುವ ಬಾಯಿಗೆ ಏಣು ಬೇಕೇ ಬೇಕು. ಬರೀ ನುಣುಪಾದ ಪೈಪ್ ಮಾಡಿ ಕ್ಲಿಪ್ ಬಿಗಿ ಮಾಡಿದರೆ ಬಿಸಿಯ ಒತ್ತಡಕ್ಕೆ ಹೋಸ್ ಜಾರಿ ಹಾರುತ್ತದೆ. ಸುತ್ತ 1ರಿಂದ 1.5 ಎಂಎಂ ಎತ್ತರದ ಏಣು, ಅದರ ಹಿಂದೆ ಕ್ಲಿಪ್. ಏಣಿನ ಮೂಲೆ ಚೂಪಾಗಿ ಬಿಡಬೇಡಿ, ಹೋಸಿನ ಒಳಮೈ ಸೀಳುತ್ತದೆ. ಎಮರಿ ಹಾಕಿ ಉರುಟು ಮಾಡಿ. ಒಳಗಿನ ತೂತು ಹಳೆಯದಕ್ಕಿಂತ ಚಿಕ್ಕದಾಗಬಾರದು.

ನೇರ ಪೈಪಾದರೆ ಒಂದೇ ರಾಡಿನಲ್ಲಿ ಆಗುತ್ತದೆ. ಬಾಗಿದ್ದಾದರೆ ಫ್ಲೇಂಜ್ ಬೇರೆ, ಬಗ್ಗಿಸಿದ ಟ್ಯೂಬ್ ಬೇರೆ ಮಾಡಿ ಆರ್ಗಾನ್ ವೆಲ್ಡಿಂಗ್ ಹಾಕಿಸಬೇಕು. ವೆಲ್ಡಿಂಗಿನ ಬಿಸಿಗೆ ಫ್ಲೇಂಜ್ ಸೊಟ್ಟಗಾಗುತ್ತದೆ. ಆದ್ದರಿಂದ ಗ್ರೂವ್ ಮತ್ತು ಕೊನೆಯ ಫೇಸಿಂಗ್ (ಮೈಯನ್ನು ಸಮ ಮಾಡುವುದು) ವೆಲ್ಡಿಂಗ್ ಆದ ಮೇಲೆಯೇ. ಆಮೇಲೆ ದಪ್ಪ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಇಟ್ಟು ಫ್ಲೇಂಜನ್ನು ನಾಲ್ಕು ಸಲ ಉಜ್ಜಿ. ಎಲ್ಲ ಕಡೆ ಒಂದೇ ರೀತಿ ಮಂಕಾದರೆ ಸಮತಟ್ಟಾಗಿದೆ ಎಂದರ್ಥ.

ಕಾರಿಗೆ ಹಾಕುವ ಮೊದಲು ಪರೀಕ್ಷೆ ಆಗಬೇಕು. ಫ್ಲೇಂಜನ್ನು ಓ-ರಿಂಗ್ ಸಮೇತ ಒಂದು ದಪ್ಪ ತಗಡಿಗೆ ಬೋಲ್ಟ್ ಮಾಡಿ. ಇನ್ನೊಂದು ಬಾಯಿಗೆ ಹೋಸ್ ತುಂಡು, ಅದರ ತುದಿಗೆ ಟಯರ್ ಟ್ಯೂಬಿನ ವಾಲ್ವ್. ಬಕೆಟ್ ನೀರಿನಲ್ಲಿ ಮುಳುಗಿಸಿ ಪಂಪಿನಿಂದ 1.5 ಬಾರ್ ಒತ್ತಡದ ಗಾಳಿ ಕೊಡಿ. ಹೆಚ್ಚಿನ ರೇಡಿಯೇಟರ್ ಕ್ಯಾಪುಗಳ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ. ನಿಮ್ಮದರ ಮೇಲೆ ಎಷ್ಟಿದೆ ನೋಡಿ, ಅದಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರೆ ಸಾಕು, ಸುಮ್ನೆ ನಾಲ್ಕೈದು ಬಾರ್ ತುಂಬಿಸಬೇಡಿ. ಗುಳ್ಳೆ ಬರಬಾರದು. ನಂತರ ಪಾರ್ಟನ್ನು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ತಣಿಸಿ, ಮತ್ತೊಮ್ಮೆ ನೋಡಿ.

ಕೂರಿಸುವ ಕೆಲಸ ಇಂಜಿನ್ ಪೂರಾ ತಣ್ಣಗಾದ ಮೇಲೆ. ಕೂಲೆಂಟ್ ತುಂಬಿಸಿ, ಹೀಟರ್ ಫುಲ್ ಬಿಸಿಗೆ ಇಟ್ಟು ಇಂಜಿನ್ ಓಡಿಸಿ, ಒಳಗಿನ ಗಾಳಿ ತೆಗೆಯಿರಿ. ಔಟ್‌ಲೆಟ್ ಎತ್ತರದ ಜಾಗದಲ್ಲಿ ಇರುವುದರಿಂದ ಗಾಳಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಒರಿಜಿನಲ್ ಪಾರ್ಟಿನಲ್ಲಿ ಏರ್ ಬಿಡುವ ಸ್ಕ್ರೂ ಇದ್ದರೆ ಹೊಸದರಲ್ಲೂ ಅದೇ ಜಾಗದಲ್ಲಿ ಇರಲೇಬೇಕು. ಮೊದಲ ವಾರ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ರಿಸರ್ವ್ ಟ್ಯಾಂಕಿನ ಮಟ್ಟ ನೋಡಿ, ಫ್ಲೇಂಜಿನ ಕೆಳಗೆ ಬೆರಳು ಆಡಿಸಿ. ಹೋಸ್ ಕ್ಲಿಪ್ಪನ್ನು ಒಂದು ಸಲ ಬಿಸಿ ಆಗಿ ತಣಿದ ಮೇಲೆ ಮತ್ತೆ ಸ್ವಲ್ಪ ಬಿಗಿ ಮಾಡಬೇಕಾಗುತ್ತದೆ.

ಮಾಷ್ಟ್ರಿಗೆ ಪಾರ್ಟ್ ಕೊಡುವಾಗ ಜೊತೆಗೆ ಒಂದು ಚೀಟಿಯನ್ನೂ ಕೊಟ್ಟೆ. ಅದರಲ್ಲಿ ಓ-ರಿಂಗಿನ ಸೈಜು, ಬೋಲ್ಟಿನ ಉದ್ದ, ಲೋಹದ ಗ್ರೇಡ್ ಬರೆದಿದ್ದೆ. ಅದನ್ನು ಕಾರಿನ ಆರ್‌ಸಿ ಜೊತೆ ಇಟ್ಟುಕೊಳ್ಳಲು ಹೇಳಿದೆ. ಮುಂದೆ ಸುಳ್ಯದಲ್ಲೋ ಮಡಿಕೇರಿಯಲ್ಲೋ ಬೇರೆ ಮೆಕ್ಯಾನಿಕ್ ಅದನ್ನು ಬಿಚ್ಚಿದರೆ, ಕಂಪೆನಿ ಪಾರ್ಟ್ ಎಂದು ತಿಳಿದು ಉದ್ದ ಬೋಲ್ಟ್ ಹಾಕಿಬಿಡಬಾರದಲ್ಲ.