ಕುರ್ಚಿ ಕೊಟ್ಟರು, ಬೀಗದ ಕೈ ಕೊಡಲಿಲ್ಲ

ನಮ್ಮ ಆಫೀಸಿನ ಜೂನಿಯರ್ ಹುಡುಗ ಮೊನ್ನೆ ಫಿಲಿಪೀನ್ಸ್ ಅಧ್ಯಕ್ಷರಾಗಿದ್ದ ಮನುವೆಲ್ ಕೆಸೋನ್ ಬಗ್ಗೆ ಎಲ್ಲೋ ಓದಿಕೊಂಡು ಬಂದಿದ್ದ. ಮನಿಲಾ ಪಕ್ಕದ ‘ಕ್ವೆಜಾನ್ ಸಿಟಿ’ ಅಂತ ಸುದ್ದಿಯಲ್ಲಿ ಕೇಳ್ತೀವಲ್ಲ, ಅದು ಇವನದೇ ಹೆಸರು. ಹುಡುಗನ ಪ್ರಶ್ನೆ ಸರಳವಾಗಿತ್ತು. ‘ಸಾರ್, 1906ರಲ್ಲಿ ಗೆದ್ದು ಪ್ರಾಂತ್ಯದ ಗವರ್ನರ್ ಆದವನು ಮರುವರ್ಷವೇ ಯಾಕೆ ರಾಜೀನಾಮೆ ಕೊಟ್ಟ?’

ಉತ್ತರ ಜೀವನಚರಿತ್ರೆಗಿಂತ ಜಾಸ್ತಿ ಆಗಿನ ಕಾಯ್ದೆಗಳಲ್ಲಿದೆ. ಆದರೆ ಅದಕ್ಕಿಂತ ಮುಂಚೆ ಅವನು ಆ ಕುರ್ಚಿಯವರೆಗೆ ಹೇಗೆ ಬಂದ ಅನ್ನೋದು ಗೊತ್ತಿರಬೇಕು.

ಹುಟ್ಟಿದ್ದು 1878ರಲ್ಲಿ, ಬಾಲೆರ್ ಅನ್ನೋ ಕಡಲ ತೀರದ ಊರಲ್ಲಿ. ಅಪ್ಪ ಸ್ಪೇನ್ ಸೇನೆಯ ನಿವೃತ್ತ ಸಾರ್ಜೆಂಟ್, ಆಮೇಲೆ ಶಾಲಾ ಮೇಷ್ಟ್ರು. ಮಗ ಮನಿಲಾದ ಸಾಂತೊ ತೊಮಾಸ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದಾಗ ಕ್ರಾಂತಿ ಶುರುವಾಯಿತು, ಓದು ಅಲ್ಲಿಗೇ ನಿಂತಿತು. ಸ್ಪೇನ್ ಹೋಗಿ ಅಮೆರಿಕ ಬಂದಾಗ, ಅಮೆರಿಕನ್ನರ ವಿರುದ್ಧ ಕ್ರಾಂತಿಯ ನಾಯಕ ಅಗಿನಾಲ್ಡೊನ ಸೇನೆ ಸೇರಿ ಮೇಜರ್ ಆದ. 1901ರಲ್ಲಿ ಅಗಿನಾಲ್ಡೊ ಸೆರೆಸಿಕ್ಕ ಸುದ್ದಿ ಬಂತು. ಬತಾನ್ ಬೆಟ್ಟಗಳಲ್ಲಿದ್ದ ಇವನ ಜನರಲ್‌ಗೆ ಅದನ್ನು ನಂಬೋಕಾಗಲಿಲ್ಲ. ಶರಣಾಗುವ ನೆಪದಲ್ಲಿ ಹೋಗಿ ನೋಡಿ ಬಾ ಅಂತ ಕೆಸೋನ್‌ನನ್ನೇ ಕಳಿಸಿದ. ಮಲೇರಿಯಾದಿಂದ ಬಡವಾಗಿದ್ದ ಹುಡುಗ ಮನಿಲಾಗೆ ಬಂದು ನೋಡಿದರೆ, ಮಲಕನ್ಯಾಂಗ್ ಅರಮನೆಯ ಒಂದು ಕೋಣೆಯಲ್ಲಿ ತನ್ನ ದೇಶದ ಅಧ್ಯಕ್ಷ ಅಮೆರಿಕನ್ ಸಿಪಾಯಿಗಳ ಕಾವಲಲ್ಲಿ ಕೂತಿದ್ದ. ಆಮೇಲೆ ಕೆಸೋನ್‌ಗೂ ಇಂಟ್ರಮುರೋಸ್ ಕೋಟೆಯೊಳಗೆ ಕೆಲವು ತಿಂಗಳು ಜೈಲಾಯಿತು.

1903ರಲ್ಲಿ ವಕೀಲಿಕೆ ಪರೀಕ್ಷೆ ಬರೆದು ನಾಲ್ಕನೆಯವನಾಗಿ ಪಾಸಾದ. ಎರಡನೆಯ ಸ್ಥಾನ ಬಂದದ್ದು ಗೆಳೆಯ ಸೆರ್ಜಿಯೊ ಒಸ್ಮೆನ್ಯಾಗೆ. ಮುಂದಿನ ನಲವತ್ತು ವರ್ಷ ಇಬ್ಬರೂ ಸೇರಿಯೂ ರಾಜಕೀಯ ಮಾಡಿದರು, ಕಿತ್ತಾಡಿಯೂ ಮಾಡಿದರು. ಅದು ಇನ್ನೊಂದು ದಿನದ ಕಥೆ.

ಅದೇ ವರ್ಷ ಮಿಂದೊರೊ ದ್ವೀಪಕ್ಕೆ, ಅಲ್ಲಿಂದ ತಯಾಬಾಸ್ ಪ್ರಾಂತ್ಯಕ್ಕೆ ಫಿಸ್ಕಾಲ್ ಆಗಿ ನೇಮಕವಾಯಿತು. ಫಿಸ್ಕಾಲ್ ಅಂದರೆ ಪ್ರಾಂತ್ಯದ ಸರ್ಕಾರಿ ವಕೀಲ. ನಮ್ಮ ಪಬ್ಲಿಕ್ ಪ್ರಾಸಿಕ್ಯೂಟರ್ ಥರ ಅಂದುಕೊಳ್ಳಿ, ಜೊತೆಗೆ ಪ್ರಾಂತ್ಯದ ಅಧಿಕಾರಿಗಳಿಗೆ ಕಾನೂನು ಸಲಹೆಯನ್ನೂ ಕೊಡಬೇಕು. ಇಲ್ಲಿ ವಕೀಲರ ಕಣ್ಣಿಗೆ ಮಾತ್ರ ಬೀಳುವ ಒಂದು ವಿಷಯ ಇದೆ. ಆ ಕಾಲದ ಕ್ರಿಮಿನಲ್ ಕೇಸುಗಳ ಶೀರ್ಷಿಕೆ ನೋಡಿ: ‘ಯುನೈಟೆಡ್ ಸ್ಟೇಟ್ಸ್ ವರ್ಸಸ್ ಇಂಥವನು’. ಫಿಲಿಪೀನ್ಸ್ ಮಣ್ಣಲ್ಲಿ ಫಿಲಿಪಿನೊ ಕಳ್ಳ ಫಿಲಿಪಿನೊ ರೈತನ ಎಮ್ಮೆ ಕದ್ದರೂ ಅದೇ ಶೀರ್ಷಿಕೆ. ಎರಡೇ ವರ್ಷದ ಹಿಂದೆ ಆ ದೇಶದ ವಿರುದ್ಧ ಬಂದೂಕು ಹಿಡಿದಿದ್ದವನು ಈಗ ದಿನಾ ಬೆಳಿಗ್ಗೆ ಎದ್ದು ಅದೇ ದೇಶದ ಪರವಾಗಿ ವಾದ ಮಾಡಬೇಕು!

ಕಾನೂನೂ ಕಲಸುಮೇಲೋಗರ. ಶಿಕ್ಷೆ ಕೊಡೋಕೆ ಸ್ಪೇನ್ ಕಾಲದ ದಂಡಸಂಹಿತೆ, ವಿಚಾರಣೆ ನಡೆಸೋಕೆ 1900ರ ಅಮೆರಿಕನ್ ಮಿಲಿಟರಿ ಆದೇಶ. ಕೋರ್ಟಿನ ಭಾಷೆ ಇನ್ನೂ ಸ್ಪ್ಯಾನಿಶ್, ಜ್ಯೂರಿ ಇಲ್ಲ. ಸುಪ್ರೀಂ ಕೋರ್ಟ್ ಶುರುವಾದಾಗ ಏಳು ಜಡ್ಜ್‌ಗಳಲ್ಲಿ ನಾಲ್ವರು ಅಮೆರಿಕನ್ನರು. ಜಮೀನಿಗೆ 1902ರಲ್ಲಿ ಟಾರೆನ್ಸ್ ಪದ್ಧತಿ ತಂದರು, ಅಂದರೆ ಕೋರ್ಟ್ ಹಕ್ಕನ್ನು ಪರಿಶೀಲಿಸಿ ಪತ್ರ ಕೊಟ್ಟರೆ ಅದೇ ಕೊನೆಯ ಮಾತು. (ನಮ್ಮಲ್ಲಿ ಹಾಗಲ್ಲ. ಸಬ್ ರಿಜಿಸ್ಟ್ರಾರ್ ಹತ್ತಿರ ಕ್ರಯಪತ್ರ ನೋಂದಣಿ ಆದ ಮಾತ್ರಕ್ಕೆ ಹಕ್ಕು ಖಾತ್ರಿ ಅಂತ ಕ್ಲೈಂಟುಗಳು ತಿಳ್ಕೊಂಡಿರ್ತಾರೆ, ತಿದ್ದಿ ತಿದ್ದಿ ಸಾಕಾಗಿದೆ.) ಹೊಸ ಪದ್ಧತಿ ಬಂದಾಗ ಅದನ್ನು ಬಲ್ಲವನಿಗೆ ಲಾಭ, ಬಾಯಿಮಾತಿನಲ್ಲಿ ಉಳುತ್ತಿದ್ದವನಿಗೆ ಕಷ್ಟ.

ಇಂಥ ಹೊತ್ತಲ್ಲಿ ಕೆಸೋನ್ ಕೈ ಹಾಕಿದ್ದು ಫ್ರಾನ್ಸಿಸ್ ಬೆರಿ ಅನ್ನೋ ಅಮೆರಿಕನ್ ಮೇಲೆ. ಬೆರಿ ಹೆಸರಾಂತ ವಕೀಲ, ಮನಿಲಾದಲ್ಲಿ ಪತ್ರಿಕೆಯ ಒಡೆಯ ಬೇರೆ. ಜಮೀನು ವಂಚನೆಯ ಆರೋಪ. ಇಪ್ಪತ್ತಾರರ ಆಸುಪಾಸಿನ ಫಿಲಿಪಿನೊ ಹುಡುಗ ‘ಯುನೈಟೆಡ್ ಸ್ಟೇಟ್ಸ್’ ಹೆಸರಲ್ಲೇ ಯುನೈಟೆಡ್ ಸ್ಟೇಟ್ಸ್ ಪ್ರಜೆಯನ್ನು ಕಟಕಟೆಗೆ ತಂದ. ಅವನ ಹೆಸರು ಪ್ರಾಂತ್ಯದಾಚೆಗೂ ಹೋಗಿದ್ದು ಈ ಕೇಸಿಂದ. ಗವರ್ನರ್‌ಗಿರಿಗಿಂತ ಫಿಸ್ಕಾಲ್ ಕೆಲಸವೇ ಅವನನ್ನು ರಾಜಕಾರಣಿ ಮಾಡಿತು ಅಂತ ನಾನು ಹೇಳೋದು ಅದಕ್ಕೇ. ಯಾರ ಮೇಲೆ ಕೇಸು ಹಾಕಬೇಕು, ಯಾವುದನ್ನು ಬಿಡಬೇಕು ಅನ್ನೋ ತೀರ್ಮಾನ ಕೈಯಲ್ಲಿದ್ದರೆ ಊರಿನ ಬಲಾಢ್ಯರೆಲ್ಲ ತಾವಾಗಿ ನಮಸ್ಕಾರ ಹೊಡೀತಾರೆ. ಯಾವ ಕೋರ್ಟಿನ ವರಾಂಡದಲ್ಲಿ ನಿಂತರೂ ಇದು ಕಾಣುತ್ತೆ.

ಆಮೇಲೆ ಸ್ವಂತ ಪ್ರಾಕ್ಟೀಸ್, ಲುಸೇನಾ ಪಟ್ಟಣದ ಕೌನ್ಸಿಲರ್, 1906ರಲ್ಲಿ ಗವರ್ನರ್. ಬೆನ್ನಿಗೆ ನಿಂತವರಲ್ಲಿ ಹ್ಯಾರಿ ಬ್ಯಾಂಡ್‌ಹೋಲ್ಟ್ಸ್ ಅನ್ನೋ ಅಮೆರಿಕನ್ ಸೇನಾಧಿಕಾರಿಯೂ ಇದ್ದ. ಅವನೂ ಹಿಂದೆ ಅದೇ ತಯಾಬಾಸ್‌ನಲ್ಲಿ ಚುನಾವಣೆ ಗೆದ್ದು ಗವರ್ನರ್ ಆಗಿದ್ದವನು. ವಿಚಿತ್ರ ಆಸಾಮಿ. 1919ರಲ್ಲಿ ಬುಡಾಪೆಸ್ಟ್‌ನ ಮ್ಯೂಸಿಯಂ ಲೂಟಿ ತಡೆದನೆಂದು ಅಲ್ಲಿ ಅವನ ಪ್ರತಿಮೆಯೇ ಇದೆ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಪ್ರಾಂತ್ಯಗಳ ಆಡಳಿತಕ್ಕಿದ್ದದ್ದು 1901ರ 83ನೇ ಕಾಯ್ದೆ. ಗವರ್ನರ್‌ನನ್ನು ಜನ ನೇರವಾಗಿ ಆರಿಸುತ್ತಿರಲಿಲ್ಲ, ಪಟ್ಟಣಗಳ ಕೌನ್ಸಿಲರ್‌ಗಳು ಒಂದೆಡೆ ಸೇರಿ ಆರಿಸುತ್ತಿದ್ದರು. ಆ ಕೌನ್ಸಿಲರ್‌ಗಳಿಗೆ ಓಟು ಹಾಕೋಕೆ ಗಂಡಸಾಗಿರಬೇಕು, ವಯಸ್ಸು 23 ದಾಟಿರಬೇಕು. ಅದರ ಮೇಲೆ ಸ್ಪೇನ್ ಕಾಲದಲ್ಲಿ ಊರಿನ ಹುದ್ದೆ ಹಿಡಿದಿರಬೇಕು, ಇಲ್ಲವೇ 500 ಪೆಸೊ ಆಸ್ತಿ ಅಥವಾ 30 ಪೆಸೊ ತೆರಿಗೆ ಇರಬೇಕು, ಅದೂ ಇಲ್ಲದಿದ್ದರೆ ಇಂಗ್ಲಿಷ್ ಇಲ್ಲವೇ ಸ್ಪ್ಯಾನಿಶ್ ಓದಿ ಬರೆಯೋಕೆ ಬರಬೇಕು. ಇಷ್ಟೆಲ್ಲ ಆಗಿ ಗೆದ್ದರೂ ಮೇಲಿನವರ ಒಪ್ಪಿಗೆ ಮುದ್ರೆ ಬೇಕು.

ಗೆದ್ದು ಬಂದು ಕೂತರೆ, ಪ್ರಾಂತ್ಯ ನಡೆಸೋದು ಮೂವರ ಬೋರ್ಡು, ಬಹುಮತದ ತೀರ್ಮಾನ. ಅದರಲ್ಲಿ ಚುನಾಯಿತನಾದವನು ಗವರ್ನರ್ ಒಬ್ಬನೇ. ತೆರಿಗೆ ವಸೂಲಿ ಮತ್ತು ಖಜಾನೆ ಟ್ರೆಶರರ್ ಕೈಯಲ್ಲಿ. ಅವನು ನೇಮಕವಾಗಿ ಬಂದವನು, ಸಾಮಾನ್ಯವಾಗಿ ಅಮೆರಿಕನ್. ಸೇತುವೆ ಬೇಕು ಅಂತ ಊರವರು ಗವರ್ನರ್ ಮನೆ ಬಾಗಿಲಿಗೆ ಬರ್ತಾರೆ, ಗವರ್ನರ್ ಟ್ರೆಶರರ್ ಮೇಜಿನ ಮುಂದೆ ನಿಲ್ಲಬೇಕು. ಬೈಗುಳ ಮಾತ್ರ ಪೂರ್ತಿ ಗವರ್ನರ್‌ಗೆ. ಮೂರನೇ ಸದಸ್ಯನನ್ನೂ ಚುನಾವಣೆಯಿಂದಲೇ ತರೋ ತಿದ್ದುಪಡಿ ಆಮೇಲೆ ಬಂತು.

1907ರಲ್ಲಿ ರಾಜೀನಾಮೆ ಕೊಟ್ಟು ಹೊಸ ಫಿಲಿಪೀನ್ ಅಸೆಂಬ್ಲಿಗೆ ನಿಂತು ಗೆದ್ದ. ಕಾನೂನು ಮಾಡುವ ಜಾಗ ಹಿಡಿದರೆ ಬೀಗದ ಕೈ ಸಿಗಬಹುದು ಅನ್ನೋ ಲೆಕ್ಕ ಅಂತ ನನಗನಿಸುತ್ತೆ. ಆದರೆ ಅಲ್ಲೂ ಕಾಯ್ದೆ ಬರೆದವರು ಮುಂದಾಲೋಚನೆ ಮಾಡಿದ್ದರು. ಅಸೆಂಬ್ಲಿ ಪಾಸು ಮಾಡಿದ್ದನ್ನು ಅಮೆರಿಕದವರು ನೇಮಿಸಿದ ಕಮಿಷನ್ ತಳ್ಳಿಹಾಕಬಹುದಿತ್ತು. ಸರಿ, ಬಜೆಟ್ ತಡೆದು ಮಣಿಸೋಣ ಅಂದರೆ ಅದಕ್ಕೂ ದಾರಿ ಇಲ್ಲ. ಫಿಲಿಪೀನ್ಸ್ ಆಡಳಿತಕ್ಕೆ ಅಮೆರಿಕ ಮಾಡಿದ ಮೂಲ ಕಾಯ್ದೆ, 1902ರ ಆರ್ಗ್ಯಾನಿಕ್ ಆ್ಯಕ್ಟ್‌ನ 7ನೇ ಸೆಕ್ಷನ್ ಪ್ರಕಾರ ಬಜೆಟ್ ಪಾಸಾಗದಿದ್ದರೆ ಹಿಂದಿನ ಮೊತ್ತವೇ ತಾನಾಗಿ ಮುಂದುವರಿಯುತ್ತದೆ.

ಕೆಸೋನ್ 1909ರಲ್ಲಿ ಫಿಲಿಪೀನ್ಸ್ ಪ್ರತಿನಿಧಿಯಾಗಿ ವಾಷಿಂಗ್ಟನ್‌ಗೆ ಹೋದ, ಇಂಗ್ಲಿಷ್ ಕಲಿತ, ಏಳು ವರ್ಷ ಓಡಾಡಿ 1916ರ ಜೋನ್ಸ್ ಕಾನೂನು ಬರುವಂತೆ ನೋಡಿಕೊಂಡ. ಕಮಿಷನ್ ಜಾಗಕ್ಕೆ 24 ಜನರ ಸೆನೆಟ್ ಬಂತು, ಅದರ ಅಧ್ಯಕ್ಷ ಇವನೇ. ಜೂನಿಯರ್ ಆ ಕಾನೂನನ್ನು ತೆಗೆದು ಓದುತ್ತಾ ಕೂತ, ಸ್ವಲ್ಪ ಹೊತ್ತಾದ ಮೇಲೆ ನಗ್ತಾ ಎದ್ದು ಬಂದ. ಬಜೆಟ್ ತಾನಾಗಿ ಮುಂದುವರಿಯುವ ಆ ಸಾಲು ಅದರಲ್ಲೂ ಇತ್ತು.